ಬಾನೆಟ್ ಎತ್ತಿ: ಈ ತಿಂಗಳು ಬರೀ ಮಸ್ಟಾಂಗ್

ಆಗಸ್ಟಿನ ಮೂರನೇ ಶನಿವಾರ ಡೆಟ್ರಾಯ್ಟಿನ ವುಡ್‌ವರ್ಡ್ ಅವೆನ್ಯೂನಲ್ಲಿ ಡ್ರೀಮ್ ಕ್ರೂಸ್ ಎಂಬ ಕಾರುಗಳ ಮೆರವಣಿಗೆ ಮುಗಿಯಿತೋ ಇಲ್ಲವೋ, ನನಗೆ ಬರುವ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ. ಮಿನಿವ್ಯಾನಿನ ಬಾಗಿಲು, ಕ್ಯಾಮ್ರಿಯ ಕಿರುಗುಟ್ಟುವ ಬ್ರೇಕು ಎಲ್ಲ ಬದಿಗೆ ಸರಿದು, ಎಲ್ಲರಿಗೂ ಫೋರ್ಡ್ ಮಸ್ಟಾಂಗ್ ಬೇಕು. ಆಗಲಿ, ಈ ಸಲ ಅದೇ. ಹೊಸ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ: ನಾನು ಬ್ರೇಕ್ ಪರೀಕ್ಷಿಸುವ ಲ್ಯಾಬಿನಲ್ಲಿ ದುಡಿದು ನಿವೃತ್ತನಾದವನು. ಕಾರು ಎಷ್ಟು ಬೇಗ ಓಡುತ್ತದೆ ಅನ್ನುವುದಕ್ಕಿಂತ ಎಷ್ಟು ಬೇಗ ನಿಲ್ಲುತ್ತದೆ ಅನ್ನುವುದರ ಮೇಲೇ ನನ್ನ ಕಣ್ಣು. ಆ ಪಕ್ಷಪಾತ ಇಲ್ಲೂ ಇಣುಕುತ್ತದೆ, ಸಹಿಸಿಕೊಳ್ಳಿ.

ಪ್ರಶ್ನೆ: ಹಸಿರು ಕಾರ್ಡು ಬಂತು, ಮನೆ ಸಾಲವೂ ಹಿಡಿತಕ್ಕೆ ಬಂತು. ಈಗ ನನಗಾಗಿ ಒಂದು ಕಾರು. 2016 ಅಥವಾ 2017ರ ಮಸ್ಟಾಂಗ್ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೇನೆ, ಮ್ಯಾನ್ಯುಯಲ್ ಗೇರೇ ಬೇಕು. ಇಕೋಬೂಸ್ಟೋ, ವಿ8 ಜಿಟಿಯೋ? ನೋಡಲು ಹೋದಾಗ ಏನೇನು ಪರೀಕ್ಷಿಸಲಿ? ಕೊಂಡ ಮೇಲೆ ಇಂಟೇಕ್ (ಇಂಜಿನ್ನಿಗೆ ಗಾಳಿ ಎಳೆಯುವ ಕೊಳವೆ) ಬದಲಾಯಿಸಿ, ಟ್ಯೂನ್ (ಇಂಜಿನ್ ಸಾಫ್ಟ್‌ವೇರ್ ತಿದ್ದುವುದು) ಮಾಡಿಸುವ ಆಸೆಯೂ ಇದೆ.
(ಓದುಗರು, ನೋವೈ, ಮಿಷಿಗನ್)

ಉತ್ತರ: ಇಕೋಬೂಸ್ಟ್ ಕೆಟ್ಟ ಕಾರಲ್ಲ. 2.3 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೋ, 310 ಹಾರ್ಸ್‌ಪವರ್, ಮೂತಿ ಹಗುರ, ತಿರುವಿನಲ್ಲಿ ಚುರುಕು. ಆದರೆ ನಿಮ್ಮ ಪತ್ರ ಓದಿದರೆ ನಿಮಗೆ ಬೇಕಾಗಿರುವುದು ವಿ8ರ ಸದ್ದು ಅಂತ ಗೊತ್ತಾಗುತ್ತದೆ. ಹಾಗಿದ್ದ ಮೇಲೆ ಇಕೋಬೂಸ್ಟ್ ಕೊಂಡು, ವರ್ಷ ತುಂಬುವುದರೊಳಗೆ ಅದನ್ನು ಮಾರಿ, ಎರಡೆರಡು ಸಲ ತೆರಿಗೆ ಕಟ್ಟುವುದು ಯಾಕೆ? ಜಿಟಿಯನ್ನೇ ಹುಡುಕಿ. 5 ಲೀಟರಿನ ಎಂಟು ಸಿಲಿಂಡರ್ ಇಂಜಿನ್, 435 ಹಾರ್ಸ್‌ಪವರ್. 2015ರಿಂದ ಹಿಂದಿನ ಚಕ್ರಗಳಿಗೂ ಸ್ವತಂತ್ರ ಸಸ್ಪೆನ್ಷನ್ ಬಂದಿರುವುದರಿಂದ ಮಿಷಿಗನ್ನಿನ ಗುಂಡಿ ರಸ್ತೆಯಲ್ಲೂ ಬಾಲ ಎತ್ತಿ ಕುಣಿಯುವುದಿಲ್ಲ.

ಹುಡುಕುವಾಗ ಕಾರ್ಖಾನೆಯಿಂದಲೇ ಪರ್ಫಾರ್ಮೆನ್ಸ್ ಪ್ಯಾಕ್ ಬಂದ ಗಾಡಿಯನ್ನೇ ಹುಡುಕಿ. ಮುಂದೆ ಆರು ಪಿಸ್ಟನ್ನಿನ ಬ್ರೆಂಬೋ ಕಂಪನಿಯ ಬ್ರೇಕ್ ಕ್ಯಾಲಿಪರ್, 15 ಇಂಚಿನ ಡಿಸ್ಕ್, 19 ಇಂಚಿನ ಚಕ್ರ, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ 3.73 ಅನುಪಾತದ ಟಾರ್ಸೆನ್ ಡಿಫರೆನ್ಷಿಯಲ್ ಎಲ್ಲ ಅದರಲ್ಲೇ ಬರುತ್ತವೆ. ಇವನ್ನೇ ಬಿಡಿಬಿಡಿಯಾಗಿ ಆಮೇಲೆ ಹಾಕಿಸಹೊರಟರೆ ಕಾರಿನ ಬೆಲೆಯ ದೊಡ್ಡದೊಂದು ಪಾಲು ಅದಕ್ಕೇ ಹೋಗುತ್ತದೆ. ಗುರುತು ಹಿಡಿಯುವುದು ಸುಲಭ: ಡ್ಯಾಶ್‌ಬೋರ್ಡಿನ ನಡುಮಧ್ಯೆ ಆಯಿಲ್ ಪ್ರೆಷರಿಗೆ, ವ್ಯಾಕ್ಯೂಮಿಗೆ ಎರಡು ಪುಟ್ಟ ಮೀಟರುಗಳಿರುತ್ತವೆ. ಮುಂದಿನ ಟಯರಿನ ಅಗಲ 255 ಮಿಲಿಮೀಟರ್, ಹಿಂದಿನದರದ್ದು 275. ಹೀಗೆ ಅಳತೆ ಬೇರೆಬೇರೆ ಇದ್ದರೆ ಟಯರುಗಳನ್ನು ಮುಂದಿನಿಂದ ಹಿಂದಕ್ಕೆ ಅದಲುಬದಲು ಮಾಡಲಾಗದು, ಅದೊಂದು ಖರ್ಚು ಲೆಕ್ಕದಲ್ಲಿರಲಿ.

ಇನ್ನು ಪರೀಕ್ಷೆ. ಬೆಳಿಗ್ಗೆ ಹೋಗಿ. "ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿಟ್ಟು, ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಆ ಮನುಷ್ಯ ಏನೋ ಮುಚ್ಚಿಡುತ್ತಿದ್ದಾನೆ. ತಣ್ಣಗಿನ ಗಾಡಿಯಲ್ಲಿ ಒಂದರಿಂದ ಎರಡನೇ ಗೇರಿಗೆ ಹಾಕಿ. ಈ ಎಂಟಿ82 ಗೇರ್‌ಬಾಕ್ಸು ಚಳಿಯಲ್ಲಿ ಸ್ವಲ್ಪ ಮೊಂಡು ಹಿಡಿಯುತ್ತದೆ, ಅದು ಅದರ ಜಾಯಮಾನ. ಆದರೆ ಕರಕರ ಸದ್ದು ಮಾಡಿದರೆ, ಇಲ್ಲವೇ ಬಿಸಿಯಾದ ಮೇಲೂ ಎರಡಕ್ಕೆ ಬೀಳದೆ ತಳ್ಳಿದರೆ ಕೈಮುಗಿದು ಬನ್ನಿ.

ಆಮೇಲೆ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಮೊಬೈಲ್ ಟಾರ್ಚ್ ಹಾಕಿ, ಮಡ್‌ಗಾರ್ಡಿನ ಒಳಮೈ ನೋಡಿ. ಕರಿ ಶಾವಿಗೆಯಂತೆ ರಬ್ಬರ್ ಎಳೆಗಳು ಅಂಟಿಕೊಂಡಿದ್ದರೆ ಹಳೇ ಮಾಲೀಕ ನಿಂತಲ್ಲೇ ಚಕ್ರ ತಿರುಗಿಸಿ ಹೊಗೆ ಎಬ್ಬಿಸಿದ್ದಾನೆ ಅಂತ ಅರ್ಥ. ಮಾರುವವರು ಕಾರಿನ ಮೈ ಉಜ್ಜಿ ಫಳಫಳ ಮಾಡುತ್ತಾರೆ, ಅಲ್ಲಿಗೆ ಬಟ್ಟೆ ಹಾಕುವವರು ಕಡಿಮೆ. ಟಯರಿನ ಪಕ್ಕದಲ್ಲಿ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕೆ ಓದಿ: 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮುಂದಿನವು ಹಳೆಯವು, ಹಿಂದಿನವು ಹೊಚ್ಚ ಹೊಸವು ಇದ್ದರೆ ಅದೇ ಕಥೆ ಇನ್ನೊಂದು ಬಾಯಲ್ಲಿ. ವಿನ್ ಅಂದರೆ ಗಾಡಿಯ ಗುರುತಿನ ನಂಬರಿನ ಎಂಟನೇ ಅಕ್ಷರ ಎಫ್ ಇದ್ದರೆ ಅದು ನಿಜವಾಗಿ 5 ಲೀಟರಿನ ಗಾಡಿ. ಇಕೋಬೂಸ್ಟಿಗೆ ಜಿಟಿ ಬಿಲ್ಲೆ ಅಂಟಿಸಿದವರನ್ನೂ ನೋಡಿದ್ದೇನೆ, ಅದಕ್ಕೇ ಹೇಳಿದ್ದು. ಅದೇ ನಂಬರನ್ನು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯಾದ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿದರೆ ಬಾಕಿ ಉಳಿದ ರಿಕಾಲ್ (ತಯಾರಕರು ವಾಪಸ್ ಕರೆದು ಸರಿಪಡಿಸಬೇಕಾದ ದೋಷ) ಏನಿದೆ ಅಂತ ಪುಕ್ಕಟೆ ತಿಳಿಯುತ್ತದೆ.

ಟ್ಯೂನಿನ ಆಸೆಗೆ ಒಂದು ವರ್ಷ ರಜೆ ಕೊಡಿ. ಮೊದಲ ದುಡ್ಡು ನಾಲ್ಕು ಒಳ್ಳೆಯ ಟಯರಿಗೆ, ಎರಡನೆಯದು ಬ್ರೇಕ್ ಪ್ಯಾಡಿಗೆ, ಬ್ರೇಕ್ ಆಯಿಲಿಗೆ. ಬ್ರೇಕ್ ಆಯಿಲು ಗಾಳಿಯ ತೇವ ಹೀರುತ್ತದೆ. ತೇವ ಹೀರಿದ್ದು ಬೇಗ ಕುದಿಯುತ್ತದೆ, ಕುದಿದರೆ ಗುಳ್ಳೆಯೇಳುತ್ತದೆ, ಆಗ ಪೆಡಲು ಹತ್ತಿಯ ಮೂಟೆ ತುಳಿದಂತೆ ನೆಲ ಮುಟ್ಟುತ್ತದೆ. ಸುಮಾರು 1,680 ಕಿಲೋ ತೂಕದ ಗಾಡಿ ಅದು. ಸವೆದ ಟಯರಿನ ಮೇಲೆ ಟ್ಯೂನ್ ಮಾಡಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಪ್ರಶ್ನೆ: ಮಗನಿಗೆ ಹತ್ತೊಂಬತ್ತು. ಬೇಸಿಗೆಯಲ್ಲಿ ದುಡಿದು ದುಡ್ಡು ಕೂಡಿಟ್ಟಿದ್ದಾನೆ. ಮಸ್ಟಾಂಗ್ ಜಿಟಿನೇ ಬೇಕಂತೆ. ಅವರಪ್ಪ "ಕೊರೊಲ್ಲಾ ತಗೋ" ಅಂದಿದ್ದಕ್ಕೆ ಇಬ್ಬರಿಗೂ ಮಾತಿಲ್ಲ. ನಾನು ಯಾರ ಕಡೆ ಹೇಳಲಿ?
(ಒಬ್ಬ ತಾಯಿ, ನೇಪರ್‌ವಿಲ್, ಇಲಿನಾಯ್)

ಉತ್ತರ: ಯಾರ ಕಡೆಗೂ ಬೇಡಮ್ಮ. ಇನ್ಶೂರೆನ್ಸ್ ಕಂಪನಿ ಹೇಳಲಿ. ಮಗನ ಕೈಯಲ್ಲೇ ಫೋನ್ ಮಾಡಿಸಿ ಜಿಟಿ, ಇಕೋಬೂಸ್ಟ್, ಕೊರೊಲ್ಲಾ ಮೂರಕ್ಕೂ ಆರಾರು ತಿಂಗಳ ಪ್ರೀಮಿಯಂ ಕೇಳಿಸಿ, ನೀವು ಪಕ್ಕದಲ್ಲಿ ಸುಮ್ಮನೆ ಕಾಫಿ ಕುಡಿಯುತ್ತ ಕೂತಿರಿ. ಹತ್ತೊಂಬತ್ತರ ಹುಡುಗನಿಗೆ ವಿ8 ಅಂದರೆ ಅವರು ಹೇಳುವ ಮೊತ್ತ ಅಪ್ಪನ ಭಾಷಣಕ್ಕಿಂತ ಚೆನ್ನಾಗಿ ನಾಟುತ್ತದೆ.

ಅದಾದ ಮೇಲೂ ಬೇಕೇ ಬೇಕು ಅಂದರೆ ಇಕೋಬೂಸ್ಟ್ ಸಾಕು, ಮತ್ತು ಒಂದು ಕರಾರು ಹಾಕಿ: ಮೊದಲ ಬೇಸಿಗೆ ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ಬಾದ ಎಸ್‌ಸಿಸಿಎ ನಡೆಸುವ ಆಟೋಕ್ರಾಸಿಗೆ ಹೋಗಬೇಕು. ಖಾಲಿ ಪಾರ್ಕಿಂಗ್ ಮೈದಾನದಲ್ಲಿ ಕಿತ್ತಳೆ ಕೋನುಗಳ ನಡುವೆ ಒಂದು ಸಲಕ್ಕೆ ಒಂದೇ ಕಾರು, ಗಡಿಯಾರದ ಜೊತೆ ಪಂದ್ಯ. ಹಿಂದಿನ ಚಕ್ರ ಯಾವಾಗ ಜಾರುತ್ತದೆ ಅಂತ ಅಲ್ಲಿ ಕಲಿತರೆ ಕೋನು ಬೀಳುತ್ತದೆ, ಅಷ್ಟೇ. ಕಾರುಪ್ರಿಯರ ಕೂಟದಿಂದ ಹೊರಡುವಾಗ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ, ತಣ್ಣಗಿನ ಟಯರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಂಬಕ್ಕೆ ಗುದ್ದುವ ಮಸ್ಟಾಂಗುಗಳ ವಿಡಿಯೋ ನಿಮ್ಮ ಮಗನೂ ನೋಡಿ ನಕ್ಕಿರುತ್ತಾನೆ. ಅದನ್ನು ಆಫ್ ಮಾಡುವ ಬಟನ್ನಿಗೆ ರಸ್ತೆಯ ಮೇಲೆ ಬೆರಳು ಹೋಗಕೂಡದು. ಅಪ್ಪ-ಮಗನ ಮಾತಿನ ವಿಷಯ ನನ್ನ ಇಲಾಖೆಯದಲ್ಲ.

ಪ್ರಶ್ನೆ: ನನ್ನದು 2022ರ ಜಿಟಿ. ಕ್ಯಾಟ್-ಬ್ಯಾಕ್ ಸೈಲೆನ್ಸರ್, ಕೋಲ್ಡ್ ಏರ್ ಇಂಟೇಕ್, ಟ್ಯೂನ್ ಮೂರೂ ಹಾಕಿಸಬೇಕು. ಗೆಳೆಯರು ವಾರಂಟಿ ಹೋಗುತ್ತೆ ಅಂತಾರೆ, ಪೊಲೀಸ್ ಹಿಡೀತಾರೆ ಅಂತಾರೆ. ಯಾವುದು ನಿಜ?
(ಸಾಫ್ಟ್‌ವೇರ್ ಹುಡುಗ, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಉತ್ತರ: ಎರಡೂ ಅರ್ಧರ್ಧ ನಿಜ. ಸೈಲೆನ್ಸರ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಆಚೆಗಿನ ಭಾಗ, ಹೊಗೆಯ ಕಾನೂನಿಗೆ ತೊಡಕಿಲ್ಲ. ಸದ್ದು 95 ಡೆಸಿಬಲ್ ದಾಟಬಾರದು, ಅಷ್ಟೇ. ಇಂಟೇಕಿಗೆ ಕಾರ್ಬ್ ಅಂದರೆ ನಿಮ್ಮ ರಾಜ್ಯದ ವಾಯು ಮಂಡಳಿಯ ಇಒ ಸಂಖ್ಯೆ, ಅಂದರೆ ಅನುಮತಿ ಸಂಖ್ಯೆ, ಇರಲೇಬೇಕು. ಆ ಸಂಖ್ಯೆಯ ಸ್ಟಿಕ್ಕರನ್ನು ಬಾನೆಟ್ ಒಳಗೆ ಕಾಣುವ ಹಾಗೆ ಅಂಟಿಸಿ, ಡಬ್ಬದ ಜೊತೆ ಕಸಕ್ಕೆ ಹಾಕಬೇಡಿ. ಟ್ಯೂನಿಗೂ ಇದೇ ನಿಯಮ. 2021ರ ಜುಲೈಯಿಂದ ಸ್ಮಾಗ್ ಅಂದರೆ ಹೊಗೆ ಪರೀಕ್ಷೆಯಲ್ಲಿ ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರನ್ನೂ ಓದುತ್ತಾರೆ; ತಿದ್ದಿದ್ದು ಸಿಕ್ಕಿ ಅದಕ್ಕೆ ಇಒ ಇಲ್ಲದಿದ್ದರೆ ಗಾಡಿ ಫೇಲು. ನಿಮ್ಮ ಕಾರು ಇನ್ನೂ ಪರೀಕ್ಷೆಯ ವಯಸ್ಸಿಗೆ ಬಂದಿಲ್ಲ ಅಂತ ಖುಷಿಪಡಬೇಡಿ, ಮಾರುವ ದಿನ ಆ ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ತರಬೇಕಾದವರು ನೀವೇ.

ವಾರಂಟಿ ವಿಷಯ: 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯ ಬಲ ನಿಮಗಿದೆ. ಬೇರೆ ಕಂಪನಿಯ ಭಾಗ ಹಾಕಿದಿರಿ ಅನ್ನುವ ಒಂದೇ ಕಾರಣಕ್ಕೆ ವಾರಂಟಿಯನ್ನೇ ರದ್ದು ಮಾಡುವಂತಿಲ್ಲ; ಆ ಭಾಗದಿಂದಲೇ ಕೆಟ್ಟಿತು ಅಂತ ಅವರು ತೋರಿಸಬೇಕು. ಸೈಲೆನ್ಸರ್ ಬದಲಾಯಿಸಿದ್ದಕ್ಕೆ ಪವರ್ ವಿಂಡೋ ರಿಪೇರಿ ನಿರಾಕರಿಸಲಾಗದು. ಆದರೆ ಟ್ಯೂನ್ ಮಾಡಿಸಿ ಪಿಸ್ಟನ್ ಕರಗಿಸಿಕೊಂಡು ಹೋದರೆ ಅವರಿಗೆ ತೋರಿಸುವುದು ಕಷ್ಟವೇನಲ್ಲ. ಹಳೇ ಸಾಫ್ಟ್‌ವೇರ್ ವಾಪಸ್ ಹಾಕಿದರೂ ಸುಳಿವು ಉಳಿಯುತ್ತದೆ, ಇದನ್ನು ನಿಮಗೆ ನಾನು ಹೇಳಿಕೊಡಬೇಕೆ? ಇಂಜಿನ್-ಗೇರ್‌ಬಾಕ್ಸಿನ ವಾರಂಟಿ 5 ವರ್ಷ ಅಥವಾ 60,000 ಮೈಲಿ. ಅದು ಮುಗಿಯುವವರೆಗೆ ಸೈಲೆನ್ಸರಿನ ಸದ್ದು ಕೇಳಿಕೊಂಡಿರಿ. 450 ಹಾರ್ಸ್‌ಪವರ್ ಇಟ್ಟುಕೊಂಡು 101ನೇ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ನಿಂತಿರುವವರಿಗೆ ಇನ್ನೂ ಇಪ್ಪತ್ತು ಸೇರಿಸಿ ಆಗಬೇಕಾದ್ದೇನು?

ಪ್ರಶ್ನೆ: ನಿವೃತ್ತಿಯಾಯಿತು. 1965ರ ಮಸ್ಟಾಂಗ್ ಹಾರ್ಡ್‌ಟಾಪ್ ಒಂದು ಮಾರಾಟಕ್ಕಿದೆ, ಕೆಂಪು, "ಮೂಲ ವಿ8" ಅನ್ನುತ್ತಿದ್ದಾರೆ. ಭಾನುವಾರದ ಓಡಾಟಕ್ಕೆ ಕೊಳ್ಳಲೇ?
(ಓದುಗರು, ಶಾರ್ಲಟ್, ನಾರ್ತ್ ಕೆರೊಲಿನಾ)

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಹೊಟ್ಟೆಕಿಚ್ಚಾಗಿದ್ದು ನಿಮ್ಮದಕ್ಕೆ ಮಾತ್ರ. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ 2,368 ಡಾಲರಿಗೆ ಇಟ್ಟ ಗಾಡಿ ಅದು. ಒಳಗಿನ ಅಸ್ಥಿಪಂಜರ ಬಹುಪಾಲು ಫಾಲ್ಕನ್ ಎಂಬ ಸಾಧಾರಣ ಸಂಸಾರಿ ಕಾರಿನದು. ಆದ್ದರಿಂದಲೇ ಅಷ್ಟು ಅಗ್ಗ, ಆದ್ದರಿಂದಲೇ ಇವತ್ತಿಗೂ ರಿಪೇರಿ ಸುಲಭ. ಬಿಡಿಭಾಗ ಬೇಕಾದಷ್ಟು, ಕ್ಯಾಟಲಾಗು ನೋಡಿ ಇಡೀ ಕಾರನ್ನೇ ಜೋಡಿಸಬಹುದು.

"ಮೂಲ ವಿ8" ಮಾತನ್ನು ಹೀಗೆ ಪರೀಕ್ಷಿಸಿ. ಚಕ್ರದ ನಟ್ಟು ಎಣಿಸಿ: ಆರು ಸಿಲಿಂಡರಿನ ಗಾಡಿಗೆ ನಾಲ್ಕು, ವಿ8ಕ್ಕೆ ಐದು. ನಾಲ್ಕೇ ನಟ್ಟು ಇದ್ದು ಬಾನೆಟ್ಟಿನಡಿ ವಿ8 ಕೂತಿದ್ದರೆ ಯಾರೋ ಆಮೇಲೆ ಇಳಿಸಿದ್ದಾರೆ, ಬ್ರೇಕು ಸಸ್ಪೆನ್ಷನ್ ಹಳೆಯವೇ. ಐದಿದ್ದರೂ ನಂಬಿಬಿಡಬೇಡಿ, ಗಾಡಿ ನಂಬರಿನ ಐದನೇ ಅಕ್ಷರ ನೋಡಿ. ಸಿ ಅಥವಾ ಎ ಇದ್ದರೆ 289 ಘನ ಇಂಚಿನ ವಿ8. ಟಿ ಇದ್ದರೆ ಆರು ಸಿಲಿಂಡರು, ಮಾರುವವನು ಏನೇ ಹೇಳಲಿ. ಕೆ ಇದ್ದರೆ 271 ಹಾರ್ಸ್‌ಪವರಿನ ಅಪರೂಪದ್ದು, ಆಗ ನನಗೆ ಫೋನ್ ಮಾಡಿ.

ಇಂಜಿನ್ನಿಗಿಂತ ಭಯಪಡಬೇಕಾದ್ದು ತುಕ್ಕಿಗೆ. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಹೋಗುವ ಜಾಲರಿ ಇದೆಯಲ್ಲ, ಅದರೊಳಗೆ ಒಂದು ಚೊಂಬು ನೀರು ನಿಧಾನವಾಗಿ ಸುರಿಯಿರಿ. ನಿಮ್ಮವರೊಬ್ಬರು ಒಳಗೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ನೋಡಲಿ. ಕಾರ್ಪೆಟ್ ಮೇಲೆ ತೊಟ್ಟಿಕ್ಕಿದರೆ ಒಳಗಿನ ತಗಡು ತಿಂದುಹೋಗಿದೆ. ಅದನ್ನು ಸರಿಮಾಡಲು ಮುಂಭಾಗವೆಲ್ಲ ಬಿಚ್ಚಿ ಬೆಸುಗೆ ಕೊರೆಯಬೇಕು. ಮಾಲೀಕ ನೀರು ಹಾಕಲು ಬಿಡದಿದ್ದರೆ ಉತ್ತರ ಸಿಕ್ಕಿತು ಅಂದುಕೊಳ್ಳಿ.

ಕೊಂಡರೆ ಮೊದಲ ಕೆಲಸ ಬ್ರೇಕಿನದು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಆ ಕಾಲದಲ್ಲಿ ಒಂದೇ ಕೋಣೆ: ಎಲ್ಲೋ ಒಂದು ಪೈಪು ಒಡೆದರೆ ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ. 1967ರಿಂದ ಎರಡು ಕೋಣೆಯದು ಬಂತು. ಅದನ್ನು, ಜೊತೆಗೆ ಮುಂದೆ ಡಿಸ್ಕ್ ಬ್ರೇಕನ್ನು ಹಾಕಿಸಿ. ಮೂರು ತುದಿಯ ಸೀಟ್‌ಬೆಲ್ಟೂ ಬೇಕು. ಹಾಗೆಯೇ ಆ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ, ಎರಡರ ನಡುವೆ ಬೇರೆ ತಗಡಿಲ್ಲ. ಡಿಕ್ಕಿಗೆ ಭಾರದ ಸಾಮಾನು ಎಸೆಯಬೇಡಿ. "ಮೂಲ ರೂಪ ಕೆಡುತ್ತದೆ" ಅಂತ ಯಾರಾದರೂ ಮೂಗು ಮುರಿದರೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ನೀವು, ಅವರಲ್ಲ.

ಪ್ರಶ್ನೆ: ದಿಲ್ಲಿ ನೋಂದಣಿಯ 2017ರ ಮಸ್ಟಾಂಗ್ ಇಲ್ಲಿನ ಡೀಲರ್ ಬಳಿ ಇದೆ. ಫೋರ್ಡ್ ಭಾರತ ಬಿಟ್ಟಿತಲ್ಲ, ಧೈರ್ಯ ಮಾಡಲೇ? ಅಥವಾ ಟೆಕ್ಸಸ್‌ನಲ್ಲಿರುವ ಭಾವ ಊರಿಗೆ ವಾಪಸಾಗುವಾಗ ತಮ್ಮ ಮಸ್ಟಾಂಗ್ ತರಬಹುದೇ?
(ಓದುಗರು, ಜಯನಗರ, ಬೆಂಗಳೂರು)

ಉತ್ತರ: ಭಾವನ ಕಾರಿನ ಆಸೆ ಬಿಡಿ. ಅದರ ಸ್ಟೇರಿಂಗ್ ಎಡಕ್ಕೆ. ಹೊರಗಿನಿಂದ ಬಳಸಿದ ಕಾರು ತರಬೇಕಾದರೆ ಬಲಗಡೆ ಸ್ಟೇರಿಂಗ್ ಇರಬೇಕು, ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ.

ದಿಲ್ಲಿಯದು ಬೇರೆ ಲೆಕ್ಕ. 2016ರ ಜುಲೈಯಲ್ಲಿ 65 ಲಕ್ಷಕ್ಕೆ ಬಿಡುಗಡೆಯಾದದ್ದು ಅದು, ಕಾರ್ಖಾನೆಯಿಂದಲೇ ಬಲಗಡೆ ಸ್ಟೇರಿಂಗ್, 5 ಲೀಟರ್ ವಿ8, ಆಟೋಮ್ಯಾಟಿಕ್. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸಿತು, ಸರ್ವೀಸು ನಿಲ್ಲಿಸಲಿಲ್ಲ. ಆದರೆ ಫಿಗೋ ಭಾಗ ಸಿಕ್ಕ ಹಾಗೆ ಇದರದ್ದು ಸಿಗುವುದಿಲ್ಲ. ಫಿಲ್ಟರ್, ಪ್ಯಾಡ್ ಹೇಗೋ ಆಗುತ್ತದೆ. ಒಂದು ಹೆಡ್‌ಲೈಟೋ ಬಂಪರೋ ಒಡೆದರೆ ಹೊರದೇಶದಿಂದ ಬರುವ ತನಕ ಗಾಡಿ ಕವರಿನಡಿ. ಡೀಲರ್ ಹೇಳುವ ಬೆಲೆಯ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆ ಕೂಡಿಸಿ. 20 ಲಕ್ಷ ಮೀರಿದ ಕಾರಿಗೆ ಇಲ್ಲಿ ಹೊಸದಕ್ಕೆ 18 ಶೇಕಡ, ಮೇಲೆ ಸೆಸ್. ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ. ದಿಲ್ಲಿಯ ಎನ್‌ಒಸಿ ಕೈಗೆ ಬರದೆ ಮುಂಗಡ ಕೊಡಬೇಡಿ. ಕೊಳ್ಳುವ ಮುಂಚೆ ಲಿಫ್ಟಿಗೆ ಏರಿಸಿ ಹೊಟ್ಟೆ ನೋಡಿ, ನಮ್ಮ ಹಂಪುಗಳು ಅಲ್ಲಿ ಸಹಿ ಹಾಕಿರುತ್ತವೆ.

ಸೈಲೆನ್ಸರ್ ಬದಲಾಯಿಸುವ ಯೋಚನೆ ಬೇಡ. ಮೋಟಾರು ವಾಹನ ಕಾಯಿದೆಯ 52ನೇ ಕಲಮು, ಅದರ ಮೇಲೆ 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು, ಎರಡೂ ತಯಾರಕರು ಕೊಟ್ಟ ರೂಪವನ್ನು ತಿದ್ದಬೇಡಿ ಅನ್ನುತ್ತವೆ. ಮೂಲ ಸದ್ದಿಗೇ ಜಯನಗರ ನಾಲ್ಕನೇ ಬ್ಲಾಕು ತಿರುಗಿ ನೋಡುತ್ತದೆ.

ಪ್ರಶ್ನೆ: ನನ್ನ ಪರ್ಫಾರ್ಮೆನ್ಸ್ ಪ್ಯಾಕ್ ಜಿಟಿಯನ್ನು ಚಳಿಗಾಲದಲ್ಲಿ ಓಡಿಸಬಹುದೇ, ಗ್ಯಾರೇಜಿನಲ್ಲೇ ಇಡಬೇಕೇ?
(ಓದುಗರು, ಕ್ಯಾಂಟನ್, ಮಿಷಿಗನ್)

ಉತ್ತರ: ಕಾರ್ಖಾನೆಯ ಬೇಸಿಗೆ ಟಯರಿನಲ್ಲಿ ಖಂಡಿತ ಬೇಡ. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆ ರಬ್ಬರು ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಕಡು ಚಳಿಯಲ್ಲಿ ಓಡಿಸಿದರೆ ಸೀಳುಬಿಡುವುದೂ ಉಂಟು. ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್ ಹಾಕಿ, ಬ್ಯಾಟರಿಗೆ ಟೆಂಡರ್ ಎಂಬ ಪುಟ್ಟ ಚಾರ್ಜರ್ ಸಿಕ್ಕಿಸಿ, ಏರ್ ಫಿಲ್ಟರಿನ ಬಾಯಿಗೆ ಇಲಿ ನುಗ್ಗದಂತೆ ಜಾಲರಿ ಕಟ್ಟಿ, ಅದರ ಗುರುತಿಗೆ ಸ್ಟೇರಿಂಗಿಗೆ ಒಂದು ಚೀಟಿ ನೇತುಹಾಕಿ. ಇನ್ಶೂರೆನ್ಸನ್ನು ಆ ತಿಂಗಳುಗಳಿಗೆ ಕಾಂಪ್ರಹೆನ್ಸಿವ್ (ಅಮೆರಿಕದಲ್ಲಿ ಇದು ಕಳವು, ಬೆಂಕಿಯಂಥದಕ್ಕಷ್ಟೇ) ಮಾತ್ರ ಮಾಡಿಸಿದರೆ ದುಡ್ಡು ಉಳಿಯುತ್ತದೆ, ಆದರೆ ಫೆಬ್ರುವರಿಯಲ್ಲಿ ಬಿಸಿಲು ಕಂಡಿತು ಅಂತ ಒಂದು ಸುತ್ತೂ ಹೋಗುವಂತಿಲ್ಲ.

ಓಡಿಸಲೇಬೇಕಿದ್ದರೆ ಬೇರೆ ರಿಮ್ಮಿನ ಮೇಲೆ ಚಳಿಗಾಲದ ಟಯರು ನಾಲ್ಕೂ ಇಟ್ಟುಕೊಳ್ಳಿ. ಬ್ರೆಂಬೋ ಕ್ಯಾಲಿಪರಿನ ಮೇಲೆ ಸಣ್ಣ ರಿಮ್ಮು ಕೂರುವುದಿಲ್ಲ, ಮೊದಲು ಹಾಕಿ ನೋಡಿ ಆಮೇಲೆ ದುಡ್ಡು ಕೊಡಿ. ನಟ್ಟು ಬಿಗಿಯುವಾಗ ಟಾರ್ಕ್ ರೆಂಚನ್ನು 150 ಪೌಂಡ್-ಅಡಿಗೆ ಇಡಿ. ಹಳೇ ಕಾರಿನ ಅಭ್ಯಾಸದಲ್ಲಿ 100ಕ್ಕೆ ನಿಲ್ಲಿಸುವವರು ಬಹಳ. ಐವತ್ತು ಮೈಲಿ ಓಡಿಸಿದ ಮೇಲೆ ಮತ್ತೊಮ್ಮೆ ರೆಂಚ್ ಹಾಕಿ.