ಸೊಂಟದ ಕೀಲಿನಲ್ಲಿ 'ಟಕ್' ಎಂಬ ಸದ್ದು: ಓದುಗರ ಪ್ರಶ್ನೆ, ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ: ನನಗೆ 23 ವರ್ಷ. ಹಾಕಿಯಲ್ಲಿ ಫಾರ್ವರ್ಡ್ ಆಟಗಾರ. ಕಳೆದ ಮಳೆಗಾಲದಿಂದ ಬಗ್ಗಿ ಓಡುವಾಗ, ಜೀಪಿನಿಂದ ಇಳಿಯುವಾಗ ಬಲ ಸೊಂಟದ ಹೊರಬದಿಯಲ್ಲಿ 'ಟಕ್' ಎಂದು ಏನೋ ಜಾರಿದಂತಾಗುತ್ತದೆ. ಮೊದಲು ನೋವಿರಲಿಲ್ಲ. ಈಗ ಅಭ್ಯಾಸ ಮುಗಿಸಿ ಬಂದ ಮೇಲೆ ಆ ಜಾಗ ನೋಯುತ್ತದೆ, ಬಲಮಗ್ಗುಲಿಗೆ ಮಲಗಲು ಆಗುವುದಿಲ್ಲ. ಮೂಳೆ ಜಾರಿದೆ, ಎಳೆಸಿ ಕೂರಿಸಬೇಕು ಎಂದು ಮನೆಯ ಹಿರಿಯರು ಹೇಳುತ್ತಾರೆ. ಎರಡು ತಿಂಗಳು ಆಟ ಬಿಟ್ಟರೆ ತಾನಾಗಿಯೇ ಹೋಗುತ್ತದೆ ಎಂಬುದು ಗೆಳೆಯರ ಮಾತು. ಬೇಸಿಗೆಯ ಕೊಡವ ಕೌಟುಂಬಿಕ ಹಾಕಿಯಲ್ಲಿ ನಮ್ಮ ಒಕ್ಕದ (ಮನೆತನದ) ತಂಡಕ್ಕೆ ಆಡಬೇಕೆಂದಿದ್ದೇನೆ. ಏನು ಮಾಡಲಿ?
— ಓದುಗರು, ಪೊನ್ನಂಪೇಟೆ

ಉತ್ತರ: ನಿಮ್ಮ ಮೂಳೆ ಜಾರಿಲ್ಲ. ಸೊಂಟದ ಕೀಲು ದೇಹದ ಅತ್ಯಂತ ಭದ್ರವಾದ ಕೀಲುಗಳಲ್ಲಿ ಒಂದು. ಅದು ನಿಜವಾಗಿ ತಪ್ಪಿದರೆ ಹಾಕಿ ಆಡುವುದಿರಲಿ, ಆ ಕಾಲನ್ನು ಊರಿ ನಿಲ್ಲುವುದಕ್ಕೂ ಆಗುವುದಿಲ್ಲ. ಎಳೆದು ಕೂರಿಸುವಂಥದ್ದು ಅಲ್ಲಿ ಏನೂ ಇಲ್ಲ. ಬಲವಂತವಾಗಿ ಎಳೆದು ತಿರುವಿದರೆ ಈಗ ಚೆನ್ನಾಗಿರುವ ಕೀಲಿಗೂ ಪೆಟ್ಟಾಗಬಹುದು. ಹಿರಿಯರ ಕಾಳಜಿಯನ್ನು ಗೌರವಿಸಿಯೇ ಇದನ್ನು ಅವರಿಗೆ ತಿಳಿಸಿ ಹೇಳಿ.

ನೀವು ವಿವರಿಸಿರುವ ಲಕ್ಷಣಗಳು ಸ್ನಾಪಿಂಗ್ ಹಿಪ್ ಸಿಂಡ್ರೋಮ್‌ನ ಹೊರಬದಿಯ ಬಗೆಗೆ ಹೊಂದುತ್ತವೆ. ಸೊಂಟದ ಎಲುಬಿನಿಂದ ಹೊರಟು ತೊಡೆಯ ಹೊರಬದಿಯುದ್ದಕ್ಕೂ ಇಳಿದು ಮೊಣಕಾಲಿನ ಕೆಳಗೆ ಅಂಟಿಕೊಳ್ಳುವ ಇಲಿಯೋಟಿಬಿಯಲ್ ಬ್ಯಾಂಡ್ ಎಂಬ ಗಟ್ಟಿಯಾದ ಪಟ್ಟಿಯೊಂದಿದೆ. ತೊಡೆಮೂಳೆಯ ಮೇಲ್ಭಾಗದಲ್ಲಿ, ಕೈಯಿಟ್ಟರೆ ಸಿಗುವ ಗಡ್ಡೆಯಂಥ ಉಬ್ಬಿದೆಯಲ್ಲ, ಕಾಲು ನೇರವಾಗಿದ್ದಾಗ ಈ ಪಟ್ಟಿ ಆ ಉಬ್ಬಿನ ಹಿಂದೆ ಇರುತ್ತದೆ ಮತ್ತು ಕಾಲು ಮಡಚಿದಾಗ ಅದನ್ನು ದಾಟಿ ಮುಂದಕ್ಕೆ ಬರುತ್ತದೆ. ಪಟ್ಟಿ ಬಿಗಿಯಾಗಿದ್ದರೆ, ಅಥವಾ ಅದರ ಹಿಂದಿನ ಅಂಚು ದಪ್ಪವಾಗಿದ್ದರೆ, ಬಿಗಿದ ಹಗ್ಗ ಕಲ್ಲಿನ ಅಂಚನ್ನು ದಾಟುವಂತೆ ತಡೆದು ಒಮ್ಮೆಲೇ ಜಿಗಿಯುತ್ತದೆ. ನಿಮಗೆ ಮೂಳೆ ಜಾರಿದಂತೆ ತೋರುವುದು ಈ ಜಿಗಿತ. ಪಟ್ಟಿಗೂ ಮೂಳೆಗೂ ನಡುವೆ ಉಜ್ಜಾಟ ತಪ್ಪಿಸಲು ಬರ್ಸಾ ಎಂಬ ತೆಳುವಾದ ದ್ರವದ ಚೀಲವಿದೆ. ಜಿಗಿತ ದಿನವೂ ನಡೆದರೆ ಈ ಚೀಲವೂ ಪಕ್ಕದ ಸ್ನಾಯುರಜ್ಜುಗಳೂ ಕೆರಳುತ್ತವೆ. ಬಲಮಗ್ಗುಲಿಗೆ ಮಲಗಲಾಗದಿರುವುದು ಅದರ ಗುರುತು.

ಎಡಮಗ್ಗುಲಿಗೆ ಮಲಗಿ, ಬಲ ಅಂಗೈಯನ್ನು ಆ ಉಬ್ಬಿನ ಮೇಲಿಟ್ಟು, ಕಾಲನ್ನು ನಿಧಾನವಾಗಿ ಮಡಚಿ ಚಾಚಿ ನೋಡಿ. ಜಿಗಿತ ಅಂಗೈಗೆ ತಾಗಿದರೆ, ಅಲ್ಲಿ ಒತ್ತಿ ಹಿಡಿದಾಗ ಅದು ಕಡಿಮೆಯಾದರೆ, ತೊಂದರೆ ಹೊರಬದಿಯ ಬಗೆಯದೇ ಎನ್ನಲು ಬಲವಾದ ಕಾರಣವಿದೆ. ಒಮ್ಮೆ ನೋಡಿದರೆ ಸಾಕು. ಸದ್ದು ಬರುತ್ತದೆಯೇ ಎಂದು ದಿನಕ್ಕೆ ಹತ್ತು ಸಲ ಪರೀಕ್ಷಿಸಿಕೊಳ್ಳುವ ಅಭ್ಯಾಸವೇ ಅನೇಕರಲ್ಲಿ ನೋವನ್ನು ಉಳಿಸುತ್ತದೆ.

ವಿಶ್ರಾಂತಿಯ ವಿಷಯದಲ್ಲಿ ನಿಮ್ಮ ಗೆಳೆಯರ ಮಾತು ಅರ್ಧ ಸರಿ. ಆಟ ಬಿಟ್ಟರೆ ನೋವು ಇಳಿಯುತ್ತದೆ, ಆದರೆ ಮೈದಾನಕ್ಕೆ ಮರಳಿದ ವಾರದಲ್ಲೇ ಅದೂ ಮರಳುವ ಸಂಭವ ಹೆಚ್ಚು, ಏಕೆಂದರೆ ಪಟ್ಟಿಯನ್ನು ಬಿಗಿಗೊಳಿಸುತ್ತಿದ್ದ ಕಾರಣ ಹಾಗೆಯೇ ಇರುತ್ತದೆ. ಆ ಕಾರಣ ಬಹಳ ಸಲ ಪೃಷ್ಠದ ಸ್ನಾಯುಗಳ, ವಿಶೇಷವಾಗಿ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್‌ನ ನಿತ್ರಾಣ. ಮನೆಯ ಮೆಟ್ಟಿಲಿನ ಮೇಲೆ ಬಲಗಾಲಲ್ಲಿ ನಿಂತು, ಎಡ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿನ ನೆಲಕ್ಕೆ ಮುಟ್ಟಿಸಿ ಮೇಲೆ ಬನ್ನಿ. ಯಾರಾದರೂ ಎದುರಿನಿಂದ ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ. ಬಲ ಮೊಣಕಾಲು ಒಳಕ್ಕೆ ವಾಲಿದರೆ, ಎಡ ಸೊಂಟ ಕೆಳಕ್ಕೆ ಕುಸಿದರೆ, ಹೊರಬದಿಯ ಪಟ್ಟಿ ಪ್ರತಿ ಹೆಜ್ಜೆಗೂ ಮೂಳೆಯ ಮೇಲೆ ಬಿಗಿಯುತ್ತಿದೆ ಎಂದರ್ಥ. ಹಾಕಿಯಲ್ಲಿ ಈ ಒತ್ತಡ ಇನ್ನೂ ಹೆಚ್ಚು. ಗಂಟೆಗಟ್ಟಲೆ ಸೊಂಟ ಮಡಚಿ ಓಡಬೇಕು. ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲದಿರುವುದರಿಂದ ಎಲ್ಲರ ಮೈಯೂ ಒಂದೇ ಬದಿಯ ತಿರುವಿಗೆ ಒಗ್ಗಿಕೊಳ್ಳುತ್ತದೆ.

ಮೊದಲ ಎರಡು ವಾರ ಆಟವನ್ನು ಪೂರ್ತಿ ಬಿಡದೆ ವೇಗದ ಓಟ ಮತ್ತು ಇಳಿಜಾರಿನ ಓಟವನ್ನಷ್ಟೇ ನಿಲ್ಲಿಸಿ. ಎಡಮಗ್ಗುಲಿಗೆ ಮಲಗುವಾಗ ಮೊಣಕಾಲುಗಳ ನಡುವೆ ದಿಂಬಿಡಿ. ಕಾಲ ಮೇಲೆ ಕಾಲು ಹಾಕಿ ಕೂರುವುದನ್ನೂ, ಒಂದೇ ಕಾಲಿಗೆ ಭಾರ ಹಾಕಿ ಸೊಂಟ ಪಕ್ಕಕ್ಕೆ ಚಾಚಿ ನಿಲ್ಲುವುದನ್ನೂ ಬಿಡಿ. ಅಭ್ಯಾಸದ ನಂತರ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 10ರಿಂದ 15 ನಿಮಿಷ ಇಡಬಹುದು. ಜೊತೆಗೆ ಮೊದಲ ವ್ಯಾಯಾಮ: ಮಲಗಿ ಎರಡೂ ತೊಡೆಗಳನ್ನು ಮೊಣಕಾಲಿನ ಮೇಲೆ ಬೆಲ್ಟಿನಿಂದ ಸುತ್ತಿ, ಕಾಲುಗಳು ಅಲುಗದಂತೆ ಹೊರಕ್ಕೆ ಒತ್ತಿ 30 ಸೆಕೆಂಡ್ ಹಿಡಿಯುವುದು, ಐದು ಸಲ.

ನೋವು ತಗ್ಗಿದ ಮೇಲೆ ನಿಜವಾದ ಕೆಲಸ ಆರಂಭ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವ ಬ್ರಿಡ್ಜ್. ಬೆನ್ನನ್ನೂ ಹಿಮ್ಮಡಿಯನ್ನೂ ಗೋಡೆಗೆ ತಾಗಿಸಿ ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತುವುದು. ಮಗ್ಗುಲಾಗಿ ಮೊಣಕೈ ಮತ್ತು ಮೊಣಕಾಲೂರಿ ಸೊಂಟವನ್ನು ನೆಲದಿಂದ ಎತ್ತುವ ಸೈಡ್ ಪ್ಲಾಂಕ್. ಕೊನೆಗೆ ಈಗಷ್ಟೇ ಹೇಳಿದ ಮೆಟ್ಟಿಲ ಪರೀಕ್ಷೆಯನ್ನೇ ವ್ಯಾಯಾಮವಾಗಿ ಮಾಡುವುದು. ಗೋಡೆಯ ಸಹಾಯವಿಲ್ಲದೆ ಕಾಲೆತ್ತಿದರೆ ಅದು ಮುಂದಕ್ಕೆ ಸರಿದು ಪೃಷ್ಠದ ಬದಲು ತೊಡೆಯ ಮುಂಭಾಗವೇ ದುಡಿಯುತ್ತದೆ, ಆದ್ದರಿಂದ ಹಿಮ್ಮಡಿ ಗೋಡೆ ಬಿಡಬಾರದು. ಒಂದೊಂದನ್ನೂ 8ರಿಂದ 12 ಸಲದಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ವ್ಯಾಯಾಮದ ಹೊತ್ತಿನಲ್ಲಿ ಹತ್ತಕ್ಕೆ ಮೂರರಷ್ಟು ನೋವು ಬಂದರೆ ಹೆದರಬೇಕಿಲ್ಲ, ಮರುದಿನ ಬೆಳಿಗ್ಗೆಗೆ ಅದು ಇಳಿದಿರಬೇಕು. ಇಳಿಯದಿದ್ದರೆ ಭಾರ ಹೆಚ್ಚಾಯಿತೆಂದು ತಿಳಿದು ಒಂದು ಹೆಜ್ಜೆ ಹಿಂದೆ ಬನ್ನಿ.

ಫೋಮ್ ರೋಲರ್ (ಸ್ನಾಯುಗಳನ್ನು ಉಜ್ಜುವ ಉರುಳೆ) ಮತ್ತು ಎಣ್ಣೆಯ ಮಾಲೀಶಿನ ಮೇಲೆ ಆಟಗಾರರಿಗೆ ಬಹಳ ನಂಬಿಕೆ. ಅವು ಸ್ವಲ್ಪ ಹೊತ್ತಿನ ಹಿತ ಕೊಡುತ್ತವೆ, ಆದರೆ ಇಷ್ಟು ಗಟ್ಟಿಯಾದ ಪಟ್ಟಿ ಉಜ್ಜಿದ್ದರಿಂದ ಉದ್ದವಾಗುವುದಿಲ್ಲ. ನೋಯುವ ಉಬ್ಬಿನ ಮೇಲೆಯೇ ರೋಲರ್ ಒತ್ತಿದರೆ ಬರ್ಸಾ ಇನ್ನಷ್ಟು ಕೆರಳುತ್ತದೆ. ಮಾಡಲೇಬೇಕೆಂದರೆ ಪೃಷ್ಠದ ಮೇಲೆ ಮತ್ತು ತೊಡೆಯ ಮುಂಭಾಗದ ಮೇಲೆ ಮಾಡಿ.

ಬಹುತೇಕರಲ್ಲಿ 6ರಿಂದ 12 ವಾರಗಳಲ್ಲಿ ಗಣನೀಯ ಸುಧಾರಣೆ ಕಾಣುತ್ತದೆ, ಹಾಗಾಗಿ ಬೇಸಿಗೆಯ ಹಾಕಿಗೆ ತಯಾರಿಯನ್ನು ಇಂದೇ ಆರಂಭಿಸಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟುಂಬ ಆರಂಭಿಸಿದ ಈ ಕ್ರೀಡೋತ್ಸವದ ಸೊಗಸೇ ಒಕ್ಕದ ಎಲ್ಲ ವಯಸ್ಸಿನವರೂ ಕಣಕ್ಕಿಳಿಯುವುದು. ಆದರೆ ವರ್ಷವಿಡೀ ಸ್ಟಿಕ್ ಮುಟ್ಟದವರು ಕೆಲವೇ ದಿನಗಳಲ್ಲಿ ಒಂದರ ಹಿಂದೊಂದು ಪಂದ್ಯ ಆಡಿದಾಗ ಕೀಲಿನ ಮೇಲೆ ಬೀಳುವ ಹೊರೆ ಸಣ್ಣದಲ್ಲ. ಬಲಗಾಲಿನ ಮೆಟ್ಟಿಲ ವ್ಯಾಯಾಮವನ್ನು ನೋವಿಲ್ಲದೆ 15 ಸಲ ಮಾಡಲು, ಪೂರ್ಣ ವೇಗದಲ್ಲಿ ಓಡಿ ಥಟ್ಟನೆ ದಿಕ್ಕು ಬದಲಿಸಲು ನಿಮಗೆ ಆಗುವುದಾದರೆ ಆಡಿ. ಸದ್ದು ಆಗಲೂ ಆಗೊಮ್ಮೆ ಈಗೊಮ್ಮೆ ಬರಬಹುದು. ನೋವಿಲ್ಲದ ಸದ್ದಿಗೆ ಚಿಕಿತ್ಸೆ ಬೇಡ. ಮೂರು ತಿಂಗಳ ಶಿಸ್ತಿನ ವ್ಯಾಯಾಮದ ನಂತರವೂ ನೋವು ತಗ್ಗದಿದ್ದರೆ ಮೂಳೆರೋಗ ತಜ್ಞರನ್ನು ಕಾಣಿ. ಕಾಲನ್ನು ಆಡಿಸುತ್ತಲೇ ನೋಡುವ ಅಲ್ಟ್ರಾಸೌಂಡ್, ಬರ್ಸಾಕ್ಕೆ ಇಂಜೆಕ್ಷನ್ ಮುಂದಿನ ಹಂತಗಳು. ಪಟ್ಟಿಯನ್ನು ಸಡಿಲಿಸುವ ಶಸ್ತ್ರಚಿಕಿತ್ಸೆ ಬೇಕಾಗುವವರು ತೀರ ಕಡಿಮೆ.

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ, ಭರತನಾಟ್ಯ ಕಲಿಯುತ್ತಿದ್ದಾಳೆ. ಎತ್ತಿದ ಕಾಲನ್ನು ಇಳಿಸುವಾಗ ತೊಡೆಸಂದಿನಲ್ಲಿ ಪಕ್ಕದವರಿಗೂ ಕೇಳುವಷ್ಟು ಸದ್ದು ಬರುತ್ತದೆ. ನೋವಿಲ್ಲ ಎನ್ನುತ್ತಾಳೆ. ನೃತ್ಯ ಬಿಡಿಸಬೇಕೇ?
— ಒಬ್ಬ ತಾಯಿ, ಮಡಿಕೇರಿ

ಉತ್ತರ: ಬಿಡಿಸಬೇಡಿ. ಹೊರಬದಿಯ ಜಿಗಿತ ಸಾಮಾನ್ಯವಾಗಿ ಕಣ್ಣಿಗೆ ಕಾಣುತ್ತದೆ, ಒಳಬದಿಯದು ಕಿವಿಗೆ ಕೇಳುತ್ತದೆ. ನಿಮ್ಮ ಮಗಳದು ಎರಡನೆಯ ಬಗೆ ಎಂದು ತೋರುತ್ತದೆ. ಕೆಳಬೆನ್ನಿನಿಂದ ಹೊರಟು ಕೀಲಿನ ಮುಂದೆ ಹಾದು ತೊಡೆಮೂಳೆಯ ಒಳಬದಿಗೆ ಸೇರುವ ಸೋವಾಸ್ ಸ್ನಾಯುವಿನ ರಜ್ಜು, ಮಡಚಿ ಹೊರಕ್ಕೆ ತಿರುಗಿಸಿದ ಕಾಲನ್ನು ನೇರಗೊಳಿಸುವಾಗ, ಸೊಂಟದ ಎಲುಬಿನ ಮುಂಭಾಗದ ಉಬ್ಬನ್ನು ದಾಟುತ್ತದೆ. ನರ್ತಕರಲ್ಲಿ ಇದು ಸಾಮಾನ್ಯ. ಬೆಳೆಯುವ ವಯಸ್ಸಿನಲ್ಲಿ ಮೂಳೆ ಉದ್ದವಾಗುವ ವೇಗಕ್ಕೆ ಸ್ನಾಯು ಹೊಂದಿಕೊಳ್ಳಲು ಸಮಯ ಬೇಕಾಗುವುದೂ ಇದಕ್ಕೆ ಕಾರಣವಾಗಬಹುದು.

ಗೆಳತಿಯರಿಗೆ ಕೇಳಿಸಲೆಂದು ಸದ್ದು ಮಾಡಿ ತೋರಿಸುವುದನ್ನು ಮಾತ್ರ ನಿಲ್ಲಿಸಲಿ. ಅರೆಮಂಡಿಯಲ್ಲಿ (ಮೊಣಕಾಲುಗಳನ್ನು ಹೊರಕ್ಕೆ ಮಡಚಿ ಅರ್ಧ ಕುಳಿತ ಭಂಗಿಯಲ್ಲಿ) ಪಾದದ ತಿರುವು ಸೊಂಟದ ಕೀಲಿನಿಂದಲೇ ಬರುತ್ತಿದೆಯೇ, ಅಥವಾ ಮೊಣಕಾಲು ಪಾದಗಳನ್ನು ತಿರುಚಿ ಸರಿದೂಗಿಸುತ್ತಿದ್ದಾಳೆಯೇ ಎಂದು ಗಮನಿಸುವಂತೆ ಅವಳ ಗುರುಗಳನ್ನು ಕೇಳಿಕೊಳ್ಳಿ. ಒಂದು ಮೊಣಕಾಲನ್ನು ನೆಲಕ್ಕೂರಿ, ಆ ಬದಿಯ ಪೃಷ್ಠವನ್ನು ಬಿಗಿಹಿಡಿದು, ಬೆನ್ನು ಬಾಗಿಸದೆ ಸೊಂಟವನ್ನು ತುಸು ಮುಂದಕ್ಕೆ ತಂದು 30 ಸೆಕೆಂಡ್ ನಿಲ್ಲುವುದು ಒಳ್ಳೆಯ ವ್ಯಾಯಾಮ. ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಮೊಣಕಾಲನ್ನು ಎತ್ತಿ ಹಿಡಿದು ನಿಧಾನವಾಗಿ ಇಳಿಸುವುದು ಆ ರಜ್ಜಿಗೆ ಬಲ ಕೊಡುತ್ತದೆ. ಅವಳು ಕುಂಟತೊಡಗಿದರೆ, ತೊಡೆಸಂದಿನಲ್ಲಾಗಲಿ ಮೊಣಕಾಲಿನಲ್ಲಾಗಲಿ ನೋವು ಕಾಣಿಸಿದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಈ ವಯಸ್ಸಿನಲ್ಲಿ ಸೊಂಟದ ಕೀಲಿನ ತೊಂದರೆ ಬರೀ ಮೊಣಕಾಲು ನೋವಾಗಿ ಕಾಣಿಸಿಕೊಳ್ಳುವುದುಂಟು.

ಪ್ರಶ್ನೆ: ವಯಸ್ಸು 47. ಕಾಫಿ ತೋಟದಲ್ಲಿ ಕೆಲಸ. ಇಳಿಜಾರಿನಲ್ಲಿ ಇಳಿಯುವಾಗ ಎಡ ತೊಡೆಸಂದಿನಲ್ಲಿ 'ಟಕ್' ಎಂದು ಕಾಲು ಸಿಕ್ಕಿಕೊಂಡಂತಾಗುತ್ತದೆ, ಒದರಿದರೆ ಬಿಡುತ್ತದೆ. ರಾತ್ರಿಯೂ ನೋವು. ಯಾವ ವ್ಯಾಯಾಮ ಮಾಡಲಿ?
— ಓದುಗರು, ಸೋಮವಾರಪೇಟೆ

ಉತ್ತರ: ಸದ್ಯಕ್ಕೆ ಯಾವುದೂ ಬೇಡ, ಮೊದಲು ಎಕ್ಸ್‌ರೇ ಆಗಬೇಕು. ಕೀಲು ಸಿಕ್ಕಿಕೊಳ್ಳುವುದು ಮತ್ತು ರಾತ್ರಿಯ ನೋವು ತೊಂದರೆ ಕೀಲಿನ ಒಳಗೇ ಇರಬಹುದೆಂದು ಹೇಳುತ್ತವೆ. ಅಂಚಿನ ಮೃದ್ವಸ್ಥಿ ಹರಿದಿರಬಹುದು, ಸವೆತದಿಂದ ಬಿಡಿಯಾದ ಚೂರಿರಬಹುದು, ತೊಡೆಮೂಳೆಯ ತಲೆಗೆ ರಕ್ತ ಪೂರೈಕೆ ಕುಂದಿರಬಹುದು. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮೂಳೆರೋಗ ವಿಭಾಗಕ್ಕೆ ತೋರಿಸಿ. ಎಕ್ಸ್‌ರೇಯಲ್ಲಿ ಕಾಣದಿದ್ದರೆ ಎಂಆರ್‌ಐ ಹೇಳಬಹುದು. ಅಲ್ಲಿಯವರೆಗೆ ಮೂಟೆ ಹೊರುವುದನ್ನೂ ಏಣಿ ಹತ್ತುವುದನ್ನೂ ನಿಲ್ಲಿಸಿ, ಬಲಗೈಯಲ್ಲಿ ಊರುಗೋಲು ಹಿಡಿದು ನಡೆಯಿರಿ. ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿದ್ದರೆ ಮಾತ್ರ ಅದು ಕೀಲಿನ ಭಾರ ಇಳಿಸುತ್ತದೆ. ಜ್ವರ ಬಂದರೆ ಅಥವಾ ಕಾಲೂರಲು ಆಗದಿದ್ದರೆ ಅದೇ ದಿನ ಹೋಗಿ. ಆಸ್ತಮಾ ಅಥವಾ ಸಂಧಿವಾತಕ್ಕೆಂದು ಸ್ಟೀರಾಯ್ಡ್ ಮಾತ್ರೆ ಸೇವಿಸಿದ್ದರೆ ವೈದ್ಯರಿಗೆ ತಿಳಿಸಲೇಬೇಕು, ಆ ಹಳೆಯ ಚೀಟಿಗಳನ್ನೂ ಜೊತೆಗೆ ಕೊಂಡೊಯ್ಯಿರಿ.