ಮಾರ್ಪಡಿಸಿದ ಚಾಕುವಿಗೆ ವಾರಂಟಿ ಎಲ್ಲಿಯವರೆಗೆ ನಿಲ್ಲುತ್ತದೆ

ಡಲ್ಲಾಸ್‌ನಿಂದ ನಮ್ಮ ಗುಂಪಿಗೆ ಬರೆದಿರುವ ಸದಸ್ಯರೊಬ್ಬರು ಹೊಸದಾಗಿ ದೊಡ್ಡ ಸೆಬೆಂಜಾ 31 ಎಂಬ ದುಬಾರಿ ಮಡಚುವ ಚಾಕು ಕೊಂಡಿದ್ದಾರೆ. ಅದರ ಟೈಟಾನಿಯಂ ಹಿಡಿಗೆ ನೀಲಿ ಆನೊಡೈಸಿಂಗ್ (ವಿದ್ಯುತ್ ಹರಿಸಿ ಲೋಹಕ್ಕೆ ಬಣ್ಣ ಬರಿಸುವುದು) ಮಾಡಿಸಿ, ಕ್ಲಿಪ್ ಮತ್ತು ತಿರುಪುಗಳನ್ನು ಬದಲಿಸಿ, ಅಲಗನ್ನು ಇನ್ನಷ್ಟು ತೆಳುವಾಗಿ ಮಸೆಸಿ ಅದಕ್ಕೆ ಕಪ್ಪು ಸ್ಟೋನ್‌ವಾಶ್ (ಕಪ್ಪಾಗಿಸಿ ಕಲ್ಲುಗಳೊಂದಿಗೆ ಉರುಳಿಸಿದ ಮೈ) ಕೊಡಿಸುವುದು ಅವರ ಆಸೆ. ಇಷ್ಟೆಲ್ಲ ಮಾಡಿಸಿದರೆ ವಾರಂಟಿ ಉಳಿಯುತ್ತದೆಯೇ, ಮುಂದೆ ಸರ್ವೀಸಿಗೆ ಕಳಿಸಿದಾಗ ಕಂಪನಿ ಅದನ್ನು ಮುಟ್ಟುತ್ತದೆಯೇ ಎಂಬುದು ಅವರ ಪ್ರಶ್ನೆ. ಅವರಿಗೆ ಬಂದ ಉತ್ತರಗಳಲ್ಲಿ ಒಬ್ಬರು ತಿರುಪು ಬಿಚ್ಚಿದರೇ ವಾರಂಟಿ ಹೋಯಿತು ಎಂದಿದ್ದಾರೆ, ಇನ್ನೊಬ್ಬರು ಅಮೆರಿಕದ ಕಾನೂನಿನ ಪ್ರಕಾರ ಕಂಪನಿ ನಿರಾಕರಿಸುವಂತೆಯೇ ಇಲ್ಲ ಎಂದಿದ್ದಾರೆ. ಎರಡರಲ್ಲೂ ಸ್ವಲ್ಪ ನಿಜವಿದೆ, ಆದರೆ ಯಾವುದೊಂದನ್ನು ಪೂರ್ತಿ ನಂಬಿ ಹೆಜ್ಜೆಯಿಟ್ಟರೂ ಚಾಕುವಿಗೆ ಒಳ್ಳೆಯದಾಗದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಬಿಚ್ಚುವ ವಿಷಯ. ಚಾಕುವನ್ನು ಮಾಲೀಕರು ಬಿಚ್ಚಬಾರದು ಎಂಬ ನಿಲುವು ಕೆಲವು ಕಂಪನಿಗಳಿಗೆ ಇದೆ, ನಿಜ. ಆದರೆ ಅದು ಎಲ್ಲರ ನಿಯಮವಲ್ಲ. ಐಡಹೋ ರಾಜ್ಯದ ಬಾಯ್ಸಿಯಲ್ಲಿರುವ ಕ್ರಿಸ್ ರೀವ್ ನೈವ್ಸ್ ಕಂಪನಿ ಸೆಬೆಂಜಾವನ್ನು ಮಾಲೀಕರೇ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಜೋಡಿಸಲೆಂದೇ ರೂಪಿಸಿದೆ, ಅದಕ್ಕೆ ಬೇಕಾದ, ತಿರುಪು ಬಿಚ್ಚುವ ಕೀಲಿಯನ್ನೂ ಚಾಕುವಿನ ಜೊತೆಗೇ ಕೊಡುತ್ತದೆ. ಸೆಬೆಂಜಾ ಎಂಬುದು ಜುಲು ಭಾಷೆಯಲ್ಲಿ ಕೆಲಸ ಎಂಬ ಅರ್ಥದ ಮಾತು, ಕ್ರಿಸ್ ರೀವ್ ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಬಂದವರು. ಕೆಲಸಕ್ಕೆ ಬಳಸುವ ಚಾಕು ಕೊಳೆಯಾಗಿಯೇ ಆಗುತ್ತದೆ, ಕೊಳೆಯಾದದ್ದನ್ನು ಬಿಚ್ಚಿಯೇ ತೊಳೆಯಬೇಕು ಎಂಬ ತಿಳಿವಳಿಕೆ ಅದರ ರಚನೆಯಲ್ಲಿಯೇ ಇದೆ. ಹೀಗಾಗಿ ನಿಮ್ಮ ಚಾಕುವಿನ ಮಟ್ಟಿಗೆ, ಸರಿಯಾದ ಕೀಲಿಯಿಂದ ತಿರುಪಿನ ತಲೆ ಸವೆಯದಂತೆ ಬಿಚ್ಚಿ ಶುಚಿ ಮಾಡುವುದು ತಪ್ಪಲ್ಲ. ಬೇರೆ ಕಂಪನಿಯ ಚಾಕು ಇರುವವರು ಆಯಾ ಕಂಪನಿಯ ವಾರಂಟಿ ಬರಹವನ್ನು ಓದಿಯೇ ಕೀಲಿ ಹಿಡಿಯಬೇಕು.

ಬಿಚ್ಚುವುದು ಬೇರೆ, ಮಾರ್ಪಡಿಸುವುದು ಬೇರೆ. ಹೊರಗಿನವರ ಕೈಯಲ್ಲಿ ಮಾರ್ಪಾಡು ಮಾಡಿಸಿದ ಚಾಕುವಿನ ವಾರಂಟಿಯನ್ನು ದುಬಾರಿ ಚಾಕು ಮಾಡುವ ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಎಲ್ಲ ಮಾರ್ಪಾಡುಗಳ ಪರಿಣಾಮವೂ ಒಂದೇ ಅಲ್ಲ. ನಾನು ಇಷ್ಟು ವರ್ಷಗಳಲ್ಲಿ ಕಂಡುಕೊಂಡಿರುವುದು ಒಂದೇ ಮಾತು: ತೆಗೆದು ಮತ್ತೆ ಹಳೆಯದನ್ನು ಕೂರಿಸಬಹುದಾದ ಬದಲಾವಣೆಗೂ, ಲೋಹವನ್ನೇ ಕಡಿಮೆ ಮಾಡುವ ಬದಲಾವಣೆಗೂ ಅಜಗಜಾಂತರವಿದೆ. ಕ್ಲಿಪ್, ತಿರುಪು, ಲ್ಯಾನ್ಯಾರ್ಡಿನ (ಹಿಡಿಗೆ ಕಟ್ಟುವ ದಾರದ) ಮಣಿ, ಕೆಲವು ಚಾಕುಗಳಲ್ಲಿ ಹಿಡಿಯ ಹಲಗೆಗಳು ಮೊದಲನೆಯ ಗುಂಪಿಗೆ ಸೇರುತ್ತವೆ. ಮೂಲ ಬಿಡಿಭಾಗಗಳನ್ನು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ, ಮೇಲೆ ಚಾಕುವಿನ ಹೆಸರು ಬರೆದು ಇಟ್ಟುಕೊಂಡು, ಸರ್ವೀಸಿಗೆ ಕಳಿಸುವ ಮುನ್ನ ಅವನ್ನೇ ಮರಳಿ ಜೋಡಿಸಿ ಕಳಿಸಿದರೆ ಬಹುಮಟ್ಟಿಗೆ ತಕರಾರು ಬರುವುದಿಲ್ಲ. ಹೊರಗಿನ ಬಿಡಿಭಾಗ ಹಾಕಿಯೇ ಕಳಿಸಿದರೆ ಅದು ಕಳೆದುಹೋದರೂ, ಗೀಚಿದರೂ ಯಾರೂ ಹೊಣೆಯಾಗುವುದಿಲ್ಲ. ಕ್ಲಿಪ್ಪಿನ ವಿಷಯ ಇಷ್ಟೇ.

ಆನೊಡೈಸಿಂಗ್ ಬಗ್ಗೆ ಹೆಚ್ಚು ಹೇಳಬೇಕಿದೆ. ಟೈಟಾನಿಯಂ ಮೇಲೆ ಕಾಣುವ ನೀಲಿ, ಚಿನ್ನ, ನೇರಳೆಗಳು ಬಳಿದ ಬಣ್ಣಗಳಲ್ಲ. ವಿದ್ಯುತ್ ಹರಿಸಿ ಲೋಹದ ಮೇಲೆ ಬೆಳೆಸಿದ ಆಕ್ಸೈಡ್ ಪೊರೆಯ ದಪ್ಪಕ್ಕೆ ತಕ್ಕಂತೆ ಬೆಳಕು ಆಟವಾಡಿ ಆ ಬಣ್ಣ ಕಾಣುತ್ತದೆ. ಸುಮಾರು 25ರಿಂದ 30 ವೋಲ್ಟ್‌ಗೆ ನೀಲಿ, 60ರ ಆಸುಪಾಸಿಗೆ ಚಿನ್ನ, ಅದಕ್ಕೂ ಮೇಲೆ ಹೋದರೆ ನೇರಳೆ ಮತ್ತು ಹಸಿರು ಬರುತ್ತವೆ. ನೀಲಿ ಬರುವ ಪೊರೆಯ ದಪ್ಪ ಒಂದು ಮೈಕ್ರಾನಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಂದರೆ ಬರಿಯ ಆನೊಡೈಸಿಂಗ್ ಚಾಕುವಿನ ಅಳತೆಗಳನ್ನು ಕೆಡಿಸುವುದಿಲ್ಲ. ಅಪಾಯವಿರುವುದು ಅದಕ್ಕೂ ಮುಂಚಿನ ಹಂತದಲ್ಲಿ. ಬಣ್ಣ ಹೊಳೆಯಬೇಕೆಂದು ಹಲವರು ಹಿಡಿಯನ್ನು ಮೊದಲು ಫ್ಲೋರೈಡ್ ಇರುವ ಆಮ್ಲದ ದ್ರಾವಣದಲ್ಲಿ ಅದ್ದುತ್ತಾರೆ. ಆ ದ್ರಾವಣ ಟೈಟಾನಿಯಂ ಅನ್ನು ತಿನ್ನುತ್ತದೆ, ಎಷ್ಟು ಹೊತ್ತು ಬಿಟ್ಟರೆ ಅಷ್ಟು ತಿನ್ನುತ್ತದೆ. ಹಿಡಿಯ ಹೊರಮೈಯಲ್ಲಿ ಅಷ್ಟು ಲೋಹ ಹೋದರೆ ಯಾರಿಗೂ ತಿಳಿಯದು, ಆದರೆ ಪಿವಟ್ (ಅಲಗು ತಿರುಗುವ ಕೀಲು) ಕೂರುವ ತೂತಿನಲ್ಲಿಯೂ, ತೆರೆದ ಅಲಗನ್ನು ಮಡಚದಂತೆ ತಡೆಯುವ ಲಾಕ್‌ಬಾರಿನ ತುದಿಯಲ್ಲಿಯೂ ಹೋದರೆ ಕೈಗೆ ಕೂಡಲೇ ತಿಳಿಯುತ್ತದೆ.

ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ ಬಳಿಯಿದ್ದ, ಸೆಬೆಂಜಾ ಅಲ್ಲದ ಮತ್ತೊಂದು ದುಬಾರಿ ಫ್ರೇಮ್‌ಲಾಕ್ (ಹಿಡಿಯ ಒಂದು ಭಾಗವೇ ಲಾಕ್ ಆಗಿರುವ) ಚಾಕುವನ್ನು ಹೀಗೆಯೇ ಚಿನ್ನದ ಬಣ್ಣಕ್ಕೆಂದು ಒಬ್ಬರಿಗೆ ಕೊಟ್ಟಿದ್ದೆ. ಮರಳಿ ಬಂದಾಗ ಅದರ ಚಂದಕ್ಕೆ ಮನಸೋತು, ಲಾಕ್ ಎಲ್ಲಿ ಕೂರುತ್ತಿದೆ ಎಂದು ನೋಡಲೇ ಇಲ್ಲ. ಕೊಡುವ ಮುನ್ನ ಲಾಕ್‌ಬಾರಿನ ತುದಿ ಅಲಗಿನ ಹಿಂಬದಿಯ ದಪ್ಪದಲ್ಲಿ ಮೂರನೆಯ ಒಂದು ಭಾಗದಷ್ಟನ್ನು ಮಾತ್ರ ಮುಚ್ಚುತ್ತಿತ್ತು. ಒಂದು ವಾರ ರಟ್ಟಿನ ಪೆಟ್ಟಿಗೆಗಳನ್ನು ಕೊಯ್ದ ಮೇಲೆ ನೋಡಿದರೆ ಅದು ಎದುರಿನ ಹಿಡಿಗೆ ತಾಗುವಷ್ಟು ಸರಿದಿತ್ತು, ಅಲಗು ಹೆಬ್ಬೆರಳಿಗೆ ಟಕ್ ಎಂದು ಮೇಲೆ ಕೆಳಗೆ ಆಡುತ್ತಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಮೊದಲು ಕನ್ನಡಿಯಂತೆ ಸಮವಾಗಿದ್ದ ಲಾಕ್ ತುದಿ ಹಳೆಯ ಗಾರೆಯ ನೆಲದಂತೆ ಸಣ್ಣ ಸಣ್ಣ ಗುಳಿ ಬಿದ್ದು ಬೂದುಬಣ್ಣಕ್ಕೆ ತಿರುಗಿತ್ತು, ಆ ಗುಳಿಗಳ ನಡುವೆ ಉಬ್ಬಿದ ಕಡೆ ಮಾತ್ರ ಉಕ್ಕು ಉಜ್ಜಿದ ಹೊಳಪಿನ ಗುರುತಿತ್ತು. ಬಣ್ಣ ಹಾಕಿದವರು ಆ ತುದಿಯನ್ನು ಮುಚ್ಚದೆಯೇ ಇಡೀ ಹಿಡಿಯನ್ನು ಆಮ್ಲಕ್ಕೆ ಅದ್ದಿದ್ದರು. ತಯಾರಕರಿಗೆ ಎಲ್ಲವನ್ನೂ ಬರೆದು ಕಳಿಸಿದಾಗ, ಲಾಕ್‌ಬಾರ್ ಹಿಡಿಯ ಭಾಗವೇ ಆಗಿರುವುದರಿಂದ ಇಡೀ ಹಿಡಿಯನ್ನು ಬದಲಿಸಬೇಕು, ಇದು ವಾರಂಟಿಗೆ ಬರುವುದಿಲ್ಲ, ಒಪ್ಪಿದರೆ ಹಣ ಪಡೆದು ಮಾಡಿಕೊಡುತ್ತೇವೆ ಎಂಬ ಉತ್ತರ ಬಂತು. ನಾನು ಹಣ ಕೊಟ್ಟೆ. ಅವರ ನಿರ್ಧಾರದಲ್ಲಿ ನನಗೆ ಅನ್ಯಾಯವೇನೂ ಕಾಣಲಿಲ್ಲ.

ನಿಮ್ಮ 31ರಲ್ಲಿ ಲಾಕ್‌ಬಾರಿಗೆ ಸೆರಾಮಿಕ್ ಗುಂಡನ್ನು ಕೂರಿಸಿದ್ದಾರೆ, ಅಲಗಿಗೆ ತಾಗುವುದು ಆ ಗುಂಡೇ ಹೊರತು ಟೈಟಾನಿಯಂ ಅಲ್ಲ. ಹಾಗಾಗಿ ನನಗಾದದ್ದು ನಿಮಗೆ ಅದೇ ರೂಪದಲ್ಲಿ ಆಗದಿರಬಹುದು. ಆದರೆ ಆ ಗುಂಡನ್ನು ಒತ್ತಿ ಕೂರಿಸಿರುವ ಗುಳಿಯ ಅಂಚು ಟೈಟಾನಿಯಮ್ಮೇ, ಆಮ್ಲ ಅಲ್ಲಿಗೂ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಪಿವಟ್. ಸೆಬೆಂಜಾದಲ್ಲಿ ಅಲಗು ಒಂದು ಬುಶಿಂಗ್, ಅಂದರೆ ಸಣ್ಣ ಲೋಹದ ಕೊಳವೆಯ ಸುತ್ತ ತಿರುಗುತ್ತದೆ. ಆ ಬುಶಿಂಗ್ ಅಲಗು ಮತ್ತು ಎರಡು ಕಂಚಿನ ವಾಷರುಗಳ ಒಟ್ಟು ದಪ್ಪಕ್ಕೆ ಹೊಂದುವಂತೆ ಕೂದಲೆಳೆಯ ಲೆಕ್ಕದಲ್ಲಿ ಮಾಡಿದ್ದು, ಆದ್ದರಿಂದಲೇ ತಿರುಪನ್ನು ಪೂರ್ತಿ ಬಿಗಿಮಾಡಿದರೂ ಅಲಗು ಸರಾಗವಾಗಿ ತಿರುಗುತ್ತದೆ. ಬೇರೆ ಚಾಕುಗಳಲ್ಲಿ ತಿರುಪನ್ನು ಸ್ವಲ್ಪ ಸಡಿಲ ಸ್ವಲ್ಪ ಬಿಗಿ ಮಾಡಿ ಹೊಂದಿಸಿಕೊಳ್ಳುವ ಅವಕಾಶ ಇರುತ್ತದೆ, ಇಲ್ಲಿ ಅದಿಲ್ಲ. ವಾಷರನ್ನು ಮರಳುಕಾಗದಕ್ಕೆ ಉಜ್ಜಿ ಹೊಳಪು ಕೊಡುವ ಹವ್ಯಾಸ ನಮ್ಮ ಗುಂಪಿನಲ್ಲಿಯೂ ಕೆಲವರಿಗಿದೆ. ದಯವಿಟ್ಟು ಸೆಬೆಂಜಾದ ವಾಷರನ್ನು ಉಜ್ಜಬೇಡಿ. ಆ ದಪ್ಪ ಒಮ್ಮೆ ಹೋದರೆ ಅಲಗು ಅಡ್ಡಡ್ಡ ಆಡತೊಡಗುತ್ತದೆ, ಯಾವ ತಿರುಪಿನಿಂದಲೂ ಅದು ಸರಿಹೋಗುವುದಿಲ್ಲ, ಕಂಪನಿಗೆ ಕಳಿಸಿದರೆ ಉಜ್ಜಿದ್ದು ಅವರ ಅಳತೆಮಾಪಕಕ್ಕೆ ಸಿಕ್ಕೇ ಸಿಗುತ್ತದೆ.

ಇನ್ನು ಅಲಗು. ನಿಮ್ಮ ಪಟ್ಟಿಯಲ್ಲಿ ನಾನು ಬೇಡ ಎಂದು ಹೇಳುವುದು ಇದೊಂದನ್ನೇ. ನಮ್ಮೂರಿನ ಕಮ್ಮಾರರು ಕತ್ತಿಗೆ ಹದ ಹಾಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಯಿಯ ಹದ ಕೆಟ್ಟರೆ ಕತ್ತಿ ಮೇಲ್ನೋಟಕ್ಕೆ ಮೊದಲಿನಂತೆಯೇ ಕಂಡರೂ ಮಸೆದದ್ದು ನಿಲ್ಲುವುದಿಲ್ಲ. ಮಸೆಯುವ ಯಂತ್ರದಲ್ಲಿ ವೇಗವಾಗಿ ಓಡುವ ಬೆಲ್ಟಿಗೆ ಅಲಗನ್ನು ಹಿಡಿದು ತೆಳುಮಾಡುವಾಗ, ಅಂಚಿನ ಬಳಿ ಉಕ್ಕು ತೀರಾ ತೆಳುವಾಗಿರುವುದರಿಂದ ಬಿಸಿ ಅಲ್ಲಿಯೇ ಒಟ್ಟುಗೂಡುತ್ತದೆ. ನೀಲಿ ಛಾಯೆ ಕಂಡರೆ ಅಲ್ಲಿ ಅತಿಯಾಗಿ ಕಾದಿದೆ ಎಂದು ಯಾರಾದರೂ ಹೇಳಬಹುದು, ಆದರೆ ಆ ನೀಲಿಯನ್ನು ಆಮೇಲಿನ ಹೊಳಪಿನಲ್ಲಿ ಅಳಿಸಿಬಿಡುವುದು ಸುಲಭ. ಮುಂದೊಂದು ದಿನ ಬಾಯಿ ಚಕ್ಕೆ ಎದ್ದಿತು ಅಥವಾ ಮಡಿಚಿತು ಎಂದು ನೀವು ದೂರಿದರೆ, ಅದು ಕಾರ್ಖಾನೆಯ ಹದದ ದೋಷವೋ ಬೆಲ್ಟಿನ ಬಿಸಿಯೋ ಎಂದು ಬೇರ್ಪಡಿಸಿ ಹೇಳುವುದು ಬಹಳ ಕಷ್ಟ. ಕಂಪನಿ ಆಗ ಹೊಸ ಅಲಗಿಗೆ ಹಣ ಕೇಳಿದರೆ ಅದು ನ್ಯಾಯವೇ. ನೀರು ಸುರಿಸುತ್ತ, ಕೈಬೆರಳಿಗೆ ಬಿಸಿ ತಾಗದಂತೆ ನಿಧಾನವಾಗಿ ಮಸೆಯುವ ಒಳ್ಳೆಯ ಕುಶಲಕರ್ಮಿಗಳೂ ಇದ್ದಾರೆ, ಅವರ ಕೆಲಸದ ಚಾಕುಗಳು ಕೊಯ್ಯುವ ಪರಿ ನಿಜಕ್ಕೂ ಆನಂದ ಕೊಡುತ್ತದೆ. ಮಾಡಿಸಲೇಬೇಕೆಂದರೆ ಅಂಥವರನ್ನು ಹುಡುಕಿ, ಅಲಗಿನ ವಾರಂಟಿ ಅಲ್ಲಿಗೆ ಮುಗಿಯಿತೆಂದು ಒಪ್ಪಿಕೊಂಡೇ ಮಾಡಿಸಿ.

ಕಪ್ಪು ಸ್ಟೋನ್‌ವಾಶ್ ಇದಕ್ಕಿಂತ ಸೌಮ್ಯವೆನಿಸಿದರೂ ಅದರಲ್ಲಿಯೂ ಎಚ್ಚರ ಬೇಕು. ಅಲಗನ್ನು ಉಕ್ಕನ್ನು ತಿನ್ನುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ಕಪ್ಪಾಗಿಸಿ, ಕಲ್ಲುಗಳೊಂದಿಗೆ ಉರುಳಿಸುತ್ತಾರೆ. ಲಾಕ್ ಬಂದು ತಾಗುವ ಹಿಂಬದಿಯ ಮುಖ, ಪಿವಟ್ಟಿನ ತೂತು, ವಾಷರ್ ಕೂರುವ ಎರಡು ಮೈಗಳನ್ನು ಮುಚ್ಚದೆ ಅದ್ದಿದರೆ ಅಲ್ಲೆಲ್ಲ ಒರಟು ಬರುತ್ತದೆ, ಲಾಕ್ ಅಂಟಿದಂತಾಗಬಹುದು. ಕೊಡುವ ಮುನ್ನ ಯಾವ ಯಾವ ಮೈಗಳನ್ನು ಮುಚ್ಚುತ್ತೀರಿ ಎಂದು ನೇರವಾಗಿ ಕೇಳಿ. ತಡವರಿಸದೆ ಉತ್ತರ ಕೊಡುವವರ ಕೈಗೇ ಚಾಕು ಕೊಡಿ. ತಮ್ಮ ಕೆಲಸದಿಂದ ಲಾಕ್ ಕೆಟ್ಟರೆ ಏನು ಮಾಡಿಕೊಡುತ್ತೀರಿ ಎಂಬುದನ್ನೂ ಬರಹದಲ್ಲಿ ಪಡೆಯಿರಿ, ಏಕೆಂದರೆ ತಯಾರಕರ ವಾರಂಟಿ ನಿಂತ ಮೇಲೆ ನಿಮಗೆ ಉಳಿಯುವುದು ಆ ಬರಹವೊಂದೇ.

ಕಾನೂನಿನ ಮಾತಿಗೆ ಬರುತ್ತೇನೆ. ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ 1975ರಿಂದ ಅಮೆರಿಕದಲ್ಲಿ ಜಾರಿಯಲ್ಲಿದೆ, ತಮ್ಮದೇ ಬ್ರಾಂಡಿನ ಬಿಡಿಭಾಗ ಅಥವಾ ಸೇವೆಯನ್ನು ಬಳಸಿದರೆ ಮಾತ್ರ ವಾರಂಟಿ ಎಂಬ ಷರತ್ತನ್ನು ಅದು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸೀಲ್ ತೆಗೆದರೆ ವಾರಂಟಿ ಇಲ್ಲ ಎಂಬಂಥ ಷರತ್ತುಗಳ ಬಗ್ಗೆ 2018ರಲ್ಲಿ ಅಲ್ಲಿನ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆದದ್ದೂ ನಿಜ. ಆದ್ದರಿಂದ ಹೊರಗಿನ ಕ್ಲಿಪ್ ಹಾಕಿದಿರಿ ಎಂಬ ಒಂದೇ ಕಾರಣಕ್ಕೆ, ಅದಕ್ಕೆ ಸಂಬಂಧವೇ ಇಲ್ಲದ ಲಾಕ್ ದೋಷವನ್ನು ನಿರಾಕರಿಸಿದರೆ ನೀವು ಈ ಕಾಯ್ದೆಯನ್ನು ವಿನಯದಿಂದ ನೆನಪಿಸಬಹುದು. ಆದರೆ ಮಾರ್ಪಾಡಿನಿಂದಲೇ ಆದ ಹಾನಿಗೆ ಯಾವ ಕಾಯ್ದೆಯೂ ತಯಾರಕರನ್ನು ಹೊಣೆ ಮಾಡುವುದಿಲ್ಲ. ಅಲ್ಲದೆ ನಾವು ಸರ್ವೀಸ್ ಎಂದು ಕರೆಯುವ ಹೆಚ್ಚಿನ ಕೆಲಸ, ಅಂದರೆ ಸಾಣೆ ಹಿಡಿಯುವುದು, ಹಿಡಿಗೆ ಮತ್ತೆ ಹೊಸ ಮೈ ಕೊಡುವುದು, ಸವೆದ ವಾಷರ್ ಬದಲಿಸುವುದು, ಇವು ವಾರಂಟಿಯ ಹಕ್ಕಿಗಿಂತ ಹೆಚ್ಚಾಗಿ ಕಂಪನಿಯವರು ತಮ್ಮ ಚಾಕುವಿನ ಮೇಲಿನ ಅಭಿಮಾನದಿಂದ ಮಾಡಿಕೊಡುವ ಸೇವೆ. ಕಾನೂನಿನ ಪುಟ ತೋರಿಸಿ ಅದನ್ನು ಕೇಳಿ ಪಡೆಯಲಾಗದು.

ಸರ್ವೀಸಿನ ಇನ್ನೊಂದು ಮಗ್ಗುಲನ್ನು ಬಹಳ ಜನ ಮರೆಯುತ್ತಾರೆ. ಕಂಪನಿ ಚಾಕುವನ್ನು ಸರಿಪಡಿಸುವುದೆಂದರೆ ಅದನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸುವುದು. ಹಿಡಿಯನ್ನು ಮತ್ತೆ ಬ್ಲಾಸ್ಟ್ ಮಾಡಿದರೆ (ಸಣ್ಣ ಕಣಗಳನ್ನು ರಭಸದಿಂದ ಎರಚಿ ಮೈ ಸಮಮಾಡಿದರೆ) ನೀವು ಹಣ ಕೊಟ್ಟು ಹಾಕಿಸಿದ ನೀಲಿ ಬಣ್ಣ ಆ ಕ್ಷಣವೇ ಹೋಗುತ್ತದೆ. ಸಾಣೆ ಹಿಡಿದರೆ ಬಾಯಿ ಅವರ ಕೋನಕ್ಕೆ ಬರುತ್ತದೆ, ನೀವು ಮಾಡಿಸಿಕೊಂಡ ಕೋನಕ್ಕಲ್ಲ. ಬೆಂಚ್‌ಮೇಡ್‌ನಂಥ ಕಂಪನಿ ತನ್ನ ಚಾಕುಗಳಿಗೆ ಉಚಿತವಾಗಿ ಸಾಣೆ ಹಿಡಿದುಕೊಡುತ್ತದೆ, ಅಲ್ಲಿಗೆ ಕಳಿಸುವವರೂ ಇದನ್ನು ನೆನಪಿಟ್ಟುಕೊಳ್ಳಬೇಕು. ಆದ್ದರಿಂದ ಚಾಕುವಿಗೆ ಯಾವುದಾದರೂ ಸಣ್ಣ ದೋಷ ಇದ್ದರೆ, ಅಲಗು ನಡುವಿನಲ್ಲಿ ಕೂರದಿದ್ದರೆ, ಲಾಕ್ ಬಿಗಿಯಾಗಿದ್ದರೆ, ಮೊದಲು ಕಂಪನಿಗೆ ಕಳಿಸಿ ಸರಿಮಾಡಿಸಿಕೊಂಡು ಆಮೇಲೆ ಬಣ್ಣಕ್ಕೆ ಕೊಡಿ. ನೀವು ಕೊಂಡು ಇನ್ನೂ ತಿಂಗಳಾಗಿಲ್ಲ, ಹಾಗಾಗಿ ಎರಡು ಮೂರು ತಿಂಗಳು ಹಾಗೆಯೇ ಬಳಸಿ ನೋಡಿ ಎನ್ನುತ್ತೇನೆ. ದೋಷ ಇದ್ದರೆ ಅಷ್ಟರಲ್ಲಿ ಹೊರಬರುತ್ತದೆ. ಚಂದವೇ ಮುಖ್ಯವೆಂದಾದರೆ, ಕೆತ್ತನೆ ಮಾಡಿದ ಹಿಡಿ, ಮರದ ಅಥವಾ ಮೈಕಾರ್ಟಾ (ರಾಳದಲ್ಲಿ ಅದ್ದಿ ಒತ್ತಿದ ಬಟ್ಟೆಯ ಪದರಗಳು) ಕೂರಿಸಿದ ಹಿಡಿ ಇರುವ ಸೆಬೆಂಜಾಗಳನ್ನು ಕಂಪನಿಯೇ ಮಾಡುತ್ತದೆ. ಬೆಲೆ ಹೆಚ್ಚು, ಆದರೆ ವಾರಂಟಿ ಅಖಂಡವಾಗಿರುತ್ತದೆ.

ಈ ಚರ್ಚೆಯಲ್ಲಿ ಬೆಂಗಳೂರು, ಮೈಸೂರಿನ ಸದಸ್ಯರೂ ಇರುವುದರಿಂದ ಒಂದು ಮಾತು. ಭಾರತದಿಂದ ಚಾಕುವನ್ನು ದುರಸ್ತಿಗೆ ಹೊರದೇಶಕ್ಕೆ ಕಳಿಸಿ ಮರಳಿ ತರಿಸುವಾಗ, 2017ರ ಕಸ್ಟಮ್ಸ್ ಅಧಿಸೂಚನೆ ಸಂಖ್ಯೆ 45ರ ಪ್ರಕಾರ ಸುಂಕವನ್ನು ಪೂರ್ಣ ಬೆಲೆಯ ಮೇಲಲ್ಲದೆ ದುರಸ್ತಿಯ ವೆಚ್ಚ, ವಿಮೆ ಮತ್ತು ಎರಡೂ ಕಡೆಯ ಸಾಗಣೆಯ ಮೇಲೆ ಮಾತ್ರ ಲೆಕ್ಕ ಹಾಕಿಸಿಕೊಳ್ಳಲು ಅವಕಾಶವಿದೆ. ಅದಕ್ಕೆ ಹೋದ ವಸ್ತುವೇ ಮರಳಿ ಬಂದಿದೆ ಎಂದು ತೋರಿಸಬೇಕು. ಹಿಡಿ ಬದಲಾಗಿ, ಬಣ್ಣ ಅಳಿದು ಬಂದ ಚಾಕುವನ್ನು ಅದೇ ಚಾಕು ಎಂದು ನಂಬಿಸುವುದು ಕಷ್ಟ. ಕಳಿಸುವ ಮುನ್ನ ಎಲ್ಲ ಕೋನಗಳಿಂದ ಚಿತ್ರ ತೆಗೆದು, ಕಾಗದಪತ್ರಗಳಲ್ಲಿ ದುರಸ್ತಿಗಾಗಿ ಎಂದು ಬರೆಯಿಸಿ.

ಡಲ್ಲಾಸ್‌ನ ಗೆಳೆಯರಿಗೆ ಕೊನೆಯದಾಗಿ ಹೇಳುವುದಿಷ್ಟು. ಇವತ್ತೇ ಕಂಪನಿಗೆ ಒಂದು ಮಿಂಚಂಚೆ ಬರೆಯಿರಿ. ಹಿಡಿಗೆ ಆಮ್ಲವಿಲ್ಲದ ಬರಿಯ ಆನೊಡೈಸಿಂಗ್ ಹೊರಗೆ ಮಾಡಿಸಿದರೆ ಲಾಕ್ ಮತ್ತು ಪಿವಟ್ಟಿನ ವಾರಂಟಿ ಉಳಿಯುತ್ತದೆಯೇ, ಹಣ ಕೊಟ್ಟಾದರೂ ಮುಂದೆ ಸರ್ವೀಸ್ ಸಿಗುತ್ತದೆಯೇ ಎಂದು ಎರಡೇ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಬಿಲ್ಲಿನ ಜೊತೆ ಜೋಪಾನವಾಗಿಡಿ. ಚಾಕುವನ್ನು ತೆರೆದು ಲಾಕ್ ಕೂತಿರುವ ಜಾಗದ ಹತ್ತಿರದ ಚಿತ್ರವೊಂದನ್ನು ಬಣ್ಣಕ್ಕೆ ಕೊಡುವ ಮುನ್ನವೇ ತೆಗೆದಿಟ್ಟುಕೊಳ್ಳಿ. ಮರಳಿ ಬಂದ ಮೇಲಿನ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು ಇಲ್ಲಿ ಹಾಕಿದರೆ ನಾನೂ ನೋಡಿ ಹೇಳುತ್ತೇನೆ.