ಮಗುವಿನ ಎತ್ತರ: ಫೋನಿನ ಲೆಕ್ಕ, ಗೋಡೆಯ ಗುರುತು

ಪ್ರಶ್ನೆ: ಮೂರು ವರ್ಷದ ಮಗಳ ಎತ್ತರವನ್ನು ಫೋನಿನ ಕ್ಯಾಮೆರಾ ಆ್ಯಪ್‌ನಲ್ಲಿ ಅಳೆಯುತ್ತೇನೆ. ಹೋದ ತಿಂಗಳು 94.5 ಸೆಂ.ಮೀ. ಇತ್ತು, ಈಗ 93 ತೋರಿಸುತ್ತಿದೆ. ಬೆಳವಣಿಗೆಯಲ್ಲಿ ತೊಂದರೆ ಇದೆಯೇ?

ಉತ್ತರ: ಗಾಬರಿ ಬೇಡ. ಮಗು ತಿಂಗಳಲ್ಲಿ ಒಂದೂವರೆ ಸೆಂ.ಮೀ. ಕುಗ್ಗುವುದಿಲ್ಲ, ತಪ್ಪಿರುವುದು ಅಳತೆ. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಏಳೆಂಟು ಸೆಂ.ಮೀ. ಬೆಳೆಯುತ್ತಾರೆ, ಅಂದರೆ ತಿಂಗಳಿಗೆ ಅರ್ಧಕ್ಕಿಂತ ತುಸು ಹೆಚ್ಚು. ಆ್ಯಪ್ ಒಂದು ಸೆಂ.ಮೀ. ಎಡವಿದರೂ ಒಂದೂವರೆ ತಿಂಗಳ ಬೆಳವಣಿಗೆ ಅದರಲ್ಲೇ ಮುಚ್ಚಿಹೋಗುತ್ತದೆ.

ಸಾಮಾನ್ಯ ಫೋನು ದೂರವನ್ನು ನೇರವಾಗಿ ಅಳೆಯುವುದಿಲ್ಲ. ಕ್ಯಾಮೆರಾ ಚಿತ್ರವನ್ನೂ ಫೋನು ಅಲುಗಿದ್ದನ್ನೂ ಸೇರಿಸಿ ನೆಲ ಎಲ್ಲಿದೆ ಎಂದು ಅಂದಾಜು ಮಾಡುತ್ತದೆ. ಹೊಳೆಯುವ ಟೈಲ್ಸ್, ಒಂದೇ ಬಣ್ಣದ ನೆಲ, ಮಂದ ಬೆಳಕು ಇದ್ದರೆ ಆ ಅಂದಾಜೇ ಜಾರುತ್ತದೆ. ಲೈಡಾರ್ ಇರುವ ಫೋನು ಬೆಳಕಿನ ಕಿರಣ ಹೋಗಿ ಮರಳುವ ಸಮಯದಿಂದ ದೂರ ತಿಳಿಯುವುದರಿಂದ ಹೆಚ್ಚು ನಂಬಬಹುದು. ಆದರೆ ಅದೂ ಜುಟ್ಟು, ಟೋಪಿಯನ್ನು ತಲೆಯ ಜೊತೆಗೇ ಲೆಕ್ಕ ಹಾಕುತ್ತದೆ.

ಅಳೆಯಲು ಗೋಡೆಯೇ ವಾಸಿ. ಕೆಳಗೆ ಸ್ಕರ್ಟಿಂಗ್ ಪಟ್ಟಿ ಇಲ್ಲದ ಗೋಡೆ, ಕಾರ್ಪೆಟ್ ಇಲ್ಲದ ಗಟ್ಟಿ ನೆಲ ಆರಿಸಿಕೊಳ್ಳಿ. ಚಪ್ಪಲಿ, ಸಾಕ್ಸ್ ತೆಗೆಸಿ, ಜಡೆ ಬಿಚ್ಚಿ. ಹಿಮ್ಮಡಿ, ಪೃಷ್ಠ, ಬೆನ್ನಿನ ಮೇಲ್ಭಾಗ ಗೋಡೆಗೆ ತಾಗಲಿ. ತಲೆಯ ಹಿಂಭಾಗ ತಾಗಲೇಬೇಕೆಂದು ಗದ್ದ ಎತ್ತಿಸಬೇಡಿ, ಕಣ್ಣುಗೂಡಿನ ಕೆಳಅಂಚು ಮತ್ತು ಕಿವಿಯ ರಂಧ್ರ ಒಂದೇ ಮಟ್ಟದಲ್ಲಿರುವುದು ಮುಖ್ಯ. ದಪ್ಪ ರಟ್ಟಿನ ಪುಸ್ತಕದ ಬೆನ್ನನ್ನು ಗೋಡೆಗೆ ಒತ್ತಿ ತಲೆಯ ಮೇಲೆ ಇಳಿಸಿ, ಅದರ ಕೆಳಅಂಚಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಪುಸ್ತಕ ವಾಲಿದರೆ ಅರ್ಧ ಸೆಂ.ಮೀ. ಹೋಯಿತೆಂದೇ ತಿಳಿಯಿರಿ. ಬಟ್ಟೆ ಟೇಪು ಹಿಗ್ಗುತ್ತದೆ, ಲೋಹದ್ದನ್ನೇ ಬಳಸಿ. ಮೂರು ಸಲ ಅಳೆದು ಸರಾಸರಿ ಬರೆದುಕೊಳ್ಳಿ. ಬೆನ್ನುಮೂಳೆಯ ಡಿಸ್ಕ್‌ಗಳು ದಿನವಿಡೀ ಒತ್ತಿಕೊಳ್ಳುವುದರಿಂದ ಸಂಜೆ ಎತ್ತರ ತುಸು ಇಳಿದಿರುತ್ತದೆ. ಹಾಗಾಗಿ ಪ್ರತಿ ಸಲವೂ ಬೆಳಗ್ಗೆಯೇ ಅಳೆಯಿರಿ, ಮೂರು ತಿಂಗಳಿಗೊಮ್ಮೆ ಸಾಕು.

ಪ್ರಶ್ನೆ: ಎಂಟು ತಿಂಗಳ ಮಗು. ಪಕ್ಕದಲ್ಲಿ ಎ4 ಹಾಳೆ ಇಟ್ಟು ಮೇಲಿನಿಂದ ಫೋಟೊ ತೆಗೆದು ಉದ್ದ ಲೆಕ್ಕ ಹಾಕಬಹುದೇ?

ಉತ್ತರ: ಹಾಳೆಯ ಉದ್ದ 29.7 ಸೆಂ.ಮೀ. ಎಂಬುದು ಖಚಿತ, ಆದ್ದರಿಂದ ಉಪಾಯ ಒಳ್ಳೆಯದೇ. ತೊಡಕು ಬೇರೆ ಕಡೆ ಇದೆ. ಹಾಳೆ ನೆಲಕ್ಕೆ ಅಂಟಿಕೊಂಡಿದ್ದರೆ ಮಗುವಿನ ದೇಹ ಅದಕ್ಕಿಂತ ಮೇಲಿರುತ್ತದೆ. ಕ್ಯಾಮೆರಾ ನೆಲದಿಂದ 150 ಸೆಂ.ಮೀ. ಎತ್ತರದಲ್ಲಿದ್ದು ದೇಹ 5 ಸೆಂ.ಮೀ. ಮೇಲಿದ್ದರೆ, 70 ಸೆಂ.ಮೀ. ಮಗು 72ಕ್ಕೂ ಹೆಚ್ಚು ಕಾಣುತ್ತದೆ. ಹಾಳೆಯನ್ನು 5 ಸೆಂ.ಮೀ. ದಪ್ಪದ ಪುಸ್ತಕದ ಮೇಲಿಟ್ಟರೆ ಈ ತಪ್ಪು ಬಹುಪಾಲು ಹೋಗುತ್ತದೆ. ಆದರೆ ಮಡಚಿದ ಮಂಡಿಯನ್ನು ಯಾವ ಫೋಟೊವೂ ನೀಳ ಮಾಡದು.

ಇಬ್ಬರು ಸೇರಿ ಅಳೆಯಿರಿ. ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಒಬ್ಬರು ನೆತ್ತಿಯನ್ನು ಗೋಡೆಗೆ ತಾಗಿಸಿ ಹಿಡಿಯಲಿ. ಇನ್ನೊಬ್ಬರು ಮಂಡಿಗಳನ್ನು ಮೆಲ್ಲಗೆ ಒತ್ತಿ, ಅಂಗಾಲಿಗೆ ಪುಸ್ತಕವನ್ನು ನೆಟ್ಟಗೆ ತಾಗಿಸಿ ನೆಲದಲ್ಲಿ ಗುರುತು ಹಾಕಲಿ.

ಪ್ರಶ್ನೆ: ಆ್ಯಪ್ ಮಗನನ್ನು 10ನೇ ಪರ್ಸೆಂಟೈಲ್ ಎನ್ನುತ್ತಿದೆ. ಕಡಿಮೆಯೇ?

ಉತ್ತರ: ಇದು ಪರೀಕ್ಷೆಯ ಅಂಕವಲ್ಲ. ಅದೇ ವಯಸ್ಸಿನ 100 ಗಂಡುಮಕ್ಕಳನ್ನು ಕುಳ್ಳರಿಂದ ಎತ್ತರದವರೆಗೆ ನಿಲ್ಲಿಸಿದರೆ ಇವನು ಸುಮಾರು ಹತ್ತನೆಯವನು, ಅಷ್ಟೆ. ತಂದೆತಾಯಿ ಕುಳ್ಳಗಿದ್ದರೆ ಇದು ಸಹಜ. ಬೆಳವಣಿಗೆಯ ನಕ್ಷೆಯಲ್ಲಿ ಅವನ ಗೆರೆ ತನ್ನ ದಾರಿಯಲ್ಲೇ ಏರುತ್ತಿದೆಯೇ ಎಂದು ನೋಡಿ. 3ನೇ ಪರ್ಸೆಂಟೈಲ್‌ಗಿಂತ ಕೆಳಗಿದ್ದರೆ, ಇಲ್ಲವೇ ಮೊದಲಿದ್ದ ಗೆರೆಯಿಂದ ಎರಡು ಅಳತೆಗಳಲ್ಲಿ ಸತತವಾಗಿ ಕೆಳಗೆ ಜಾರುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಅದಕ್ಕೆ ಮೊದಲು ಆ್ಯಪ್‌ನಲ್ಲಿ ತುಂಬಿದ್ದನ್ನು ಪರಿಶೀಲಿಸಿ. ಹುಟ್ಟಿದ ದಿನಾಂಕ ಸರಿಯೇ? ಅವಧಿಗೆ ಮುನ್ನ ಹುಟ್ಟಿದ್ದರೆ ಎರಡು ವರ್ಷದವರೆಗೆ ಆ ವಾರಗಳನ್ನು ವಯಸ್ಸಿನಿಂದ ಕಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಲ್ಲಿ ಎರಡು ವರ್ಷದೊಳಗೆ ಮಲಗಿಸಿದ ಉದ್ದ, ಆಮೇಲೆ ನಿಂತ ಎತ್ತರ. ಎರಡಕ್ಕೂ ಇರುವ ವ್ಯತ್ಯಾಸ 0.7 ಸೆಂ.ಮೀ. ಮೂರು ವರ್ಷದವನನ್ನು ಮಲಗಿಸಿ ಅಳೆದಿದ್ದರೆ ಅಷ್ಟನ್ನು ಕಳೆದು ತುಂಬಿ. ವೈದ್ಯರ ಬಳಿ ಹೋಗುವಾಗ ಹಿಂದಿನ ಅಳತೆಗಳೆಲ್ಲವನ್ನೂ ದಿನಾಂಕ ಸಮೇತ ಒಯ್ಯಿರಿ.